ಗೆರೆಯಾಚೆ ಇಟ್ಟು ಬರುವುದು

ಒಂದು ಆಟ ಕಲಿತವರು ಇನ್ನೊಂದು ಆಟಕ್ಕೆ ಇಳಿದರೆ ಏನಾದರೊಂದು ಆಗುತ್ತಲೇ ಇರುತ್ತದೆ. ನಂಜನಗೂಡಿನಲ್ಲಿ ನಾವು ರಗ್ಬಿ ಆಡಿದ ಆ ಕೆಲವು ವರ್ಷ ಭಾನುವಾರ ಬಂತೆಂದರೆ ಆಗುತ್ತಿತ್ತು.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ನಮ್ಮ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದಕ್ಕೆ ಬಂಗಾಳದ ಕಡೆಯ ಎಂಜಿನಿಯರ್ ಒಬ್ಬರು ವರ್ಗವಾಗಿ ಬಂದರು. ಜೊತೆಗೆ ಹಲಸಿನ ಬೀಜದ ಆಕಾರದ ಚೆಂಡೊಂದನ್ನು ತಂದರು. ಊರಿನ ಕಬಡ್ಡಿ ತಂಡದವರ ತೊಡೆ, ಭುಜ ನೋಡಿ, "ಇವರೇ ಸಾಕು" ಎಂದರು. ಮೈಸೂರಿನ ಎರಡು ತಂಡ, ಟಿ. ನರಸೀಪುರದ್ದೊಂದು, ನಮ್ಮದೊಂದು ಸೇರಿ ಲೀಗ್ ಆಯಿತು. ಅದು ಕೆಳದರ್ಜೆಯ ಲೀಗ್ ಎಂದರು. ಮೇಲ್ದರ್ಜೆ ಎಲ್ಲಿದೆ ಎಂದು ನಾವು ಕೇಳಲಿಲ್ಲ.

ಓದುವ ಚಟ ಇದ್ದದ್ದರಿಂದ ನಿಯಮದ ಪುಸ್ತಕ ನನ್ನ ಪಾಲಿಗೆ ಬಂತು. ಗೆರೆಯ ಪಕ್ಕದಲ್ಲಿ ಬಾವುಟ ಹಿಡಿದು ನಿಲ್ಲುವ ಕೆಲಸವೂ ಅದರ ಹಿಂದೆಯೇ ಬಂತು. ನಾಯಕನಾದವನು ನನ್ನ ಜೊತೆ ಹೈಸ್ಕೂಲಿನಲ್ಲಿ ಓದಿದ ಗೆಳೆಯ, ಬಸ್ ಕಂಡಕ್ಟರ್. ರಶ್ಶಿನ ಬಸ್ಸಿನಲ್ಲಿ ಹಿಂದಿನ ಬಾಗಿಲಿನಿಂದ ಮುಂದಿನವರೆಗೆ ಯಾರ ಕಾಲೂ ತುಳಿಯದೆ ನುಗ್ಗುವುದು ಅವನಿಗೆ ಗೊತ್ತಿತ್ತು. ಆಟಕ್ಕೆ ಬೇಕಾದದ್ದೂ ಅದೇ. ಎದುರಾಳಿಯ ಕೊನೆಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಅಂಕ. ನಮ್ಮವರು ಅದನ್ನು 'ಇಡೋದು' ಎನ್ನುತ್ತಿದ್ದರು. ಕಂಡಕ್ಟರನಿಗೆ ಆಗಲೇ ನಲವತ್ತರ ಹತ್ತಿರ, ಮಂಡಿ ಹೋಗುತ್ತಾ ಬಂದಿತ್ತು. "ಮಂಡಿ ಪೂರ್ತಿ ಓಗೋದ್ರೊಳಗೆ ಒಂದ್ ಸಲ ಇಟ್ಬುಡ್ಬೇಕು ಕಣಪ್ಪ" ಎನ್ನುತ್ತಿದ್ದ. ಅವನ ಆಸೆ ಅದೊಂದೇ.

ಔಟಾದವರು

ಮೊದಲ ಪಂದ್ಯ. ಆಟ ಶುರುವಾಗುತ್ತಲೇ ನಮ್ಮವನೊಬ್ಬನನ್ನು ಮೈಸೂರಿನವರು ಹಿಡಿದು ಕೆಡವಿದರು. ಅವನು ಎದ್ದು ಮೈ ಕೊಡವಿಕೊಂಡು, ಅಂಕಣದಿಂದ ಹೊರಗೆ ಬಂದು ಕುಳಿತ. ಪೆಟ್ಟಾಗಿರಬೇಕು ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಇನ್ನೊಬ್ಬ ಬಂದ. ಆಮೇಲೆ ಇನ್ನೊಬ್ಬ. ಅರ್ಧ ಆಟ ಮುಗಿಯುವಷ್ಟರಲ್ಲಿ ನಮ್ಮ ತಂಡದ ಮುಕ್ಕಾಲು ಪಾಲು ಗೆರೆಯ ಪಕ್ಕ ಸಾಲಾಗಿ, ಬಂದ ಸರದಿಯಂತೆಯೇ ಕುಳಿತಿತ್ತು.

ಎಂಜಿನಿಯರ್ ಓಡಿ ಬಂದರು. "ಎಲ್ಲರಿಗೂ ಏಟಾಯಿತಾ?"

"ಏಟೇನಿಲ್ಲ ಸಾ. ಔಟು."

"ಯಾರು ಔಟು ಕೊಟ್ಟದ್ದು?"

"ಇಡ್ಕೊಂಡು ಕೆಡವ್ಬುಟ್ರಲ್ಲ ಸಾ, ಇನ್ಯಾರು ಕೊಡ್ಬೇಕು?"

"ಈ ಆಟದಲ್ಲಿ ಹಾಗಿಲ್ಲ. ಎದ್ದು ಆಡಿ, ಹೋಗಿ!"

ಸಾಲಿನ ಮೊದಲಿಗ ಅವರ ಕೈ ಹಿಡಿದು ಸಮಾಧಾನ ಮಾಡಿದ: "ಅನ್ಯಾಯ ಬ್ಯಾಡಿ ಸಾ. ನಮ್ಮೋರು ಒಂದ್ ಪಾಯಿಂಟ್ ತರ್ಲಿ, ಮೊದಲು ನಾನು ಒಳಿಕ್ಕೋಯ್ತೀನಿ."

ಒಳಗೆ ಉಳಿದಿದ್ದವರು ಮೂವರು.

ಪಂಚಾಯ್ತಿ

ಸ್ಕ್ರಮ್ ಎಂದು ಒಂದಿದೆ. ಎರಡೂ ತಂಡದ ದಪ್ಪನೆಯವರು ತಲೆಗೆ ತಲೆ ಕೊಟ್ಟು, ತೋಳು ಹೆಣೆದುಕೊಂಡು ತಳ್ಳಾಡುವುದು. ನಮ್ಮ ಮೈದಾನ ಹೊಳೆಯ ದಾರಿಯಲ್ಲಿತ್ತು. ಇನ್ನೊಂದು ಭಾನುವಾರ ಹೆಮ್ಮರಗಾಲದ ಕಡೆಯಿಂದ ಬಂದಿದ್ದ ಹಿರಿಯರೊಬ್ಬರು, ಹೆಗಲ ಮೇಲೆ ಟವಲು, ಹಣೆಯಲ್ಲಿ ವಿಭೂತಿ, ಇದನ್ನು ನೋಡಿ ಕೊಡೆ ಬೀಸಿಕೊಂಡು ಒಳಗೆ ನುಗ್ಗಿದರು.

"ಬಿಡ್ರಪ್ಪೋ, ಬಿಡ್ರಿ! ನೋಡೋಕೆ ಒಳ್ಳೆ ಮನೆ ಮಕ್ಕಳಂಗಿದ್ದೀರಿ!"

ಕೊಡೆಗೆ ಹೆದರಿ ಎಲ್ಲರೂ ಬಿಟ್ಟರು. ಅವರು ರೆಫ್ರಿಯ ಕಡೆ ತಿರುಗಿದರು. "ಸೀಟಿ ಇಟ್ಕೊಂಡು ನೋಡ್ತಾ ನಿಂತಿದ್ದೀರಲ್ಲ, ಬಿಡಿಸಬಾರದಾ? ಜಗಳ ಯಾತಕ್ಕೆ?"

ರೆಫ್ರಿ ಚೆಂಡು ತೋರಿಸಿದರು.

"ಇದಕ್ಕಾ?" ಹಿರಿಯರು ಚೆಂಡನ್ನು ತೆಗೆದುಕೊಂಡು ಹಿಂದೆ ಮುಂದೆ ನೋಡಿದರು. "ಇದೂ ನೆಟ್ಟಗಿಲ್ಲ." ಆಮೇಲೆ ಹುಣಸೆ ಮರದ ನೆರಳಿಗೆ ಹೋಗಿ ಟವಲು ಹಾಸಿ ಕುಳಿತು, ಚೆಂಡನ್ನು ತೊಡೆಯ ಮೇಲಿಟ್ಟುಕೊಂಡರು. "ಎರಡು ಕಡೆಯೋರೂ ಬನ್ನಿ. ತೀರ್ಮಾನ ಆಗೋವರೆಗೂ ಇದು ನನ್ನತ್ರ ಇರ್ಲಿ."

ನಾವು ಹೋಗಿ ಕುಳಿತೆವು. ಮೈಸೂರಿನವರೂ ಕುಳಿತರು. ಎರಡೂ ಕಡೆಯ ಅಹವಾಲು ಕೇಳಿ, ಆಗಲೇ ಬಹಳ ಅಂಕ ಮಾಡಿದ್ದ ಮೈಸೂರಿನವರಿಗೆ ಅವರು ಹೇಳಿದರು: "ನಿಮಗೆ ಬೇಕಾದಷ್ಟು ಸಿಕ್ಕಾಯ್ತು. ಉಳಿದ ಹೊತ್ತು ಚೆಂಡು ಈ ಹುಡುಗರ ಹತ್ರ ಇರ್ಲಿ ಬಿಡಿ."

ನಮ್ಮ ಪರವಾಗಿ ಬಂದ ತೀರ್ಪು ಅದೊಂದೇ.

ಹೋದವನು ಬಂದದ್ದು

ಎರಡನೆಯ ವರ್ಷ, ನಮ್ಮ ಮೈದಾನದಲ್ಲೇ. ಕಂಡಕ್ಟರನಿಗೆ ಚೆಂಡು ಸಿಕ್ಕಿತು. ಒಬ್ಬನನ್ನು ಬಲಕ್ಕೆ ಬಿಟ್ಟ, ಇನ್ನೊಬ್ಬನನ್ನು ಎಡಕ್ಕೆ ಬಿಟ್ಟ. ಉಸಿರು ಬಿಗಿ ಹಿಡಿದು "ಕಬಡ್ಡಿ ಕಬಡ್ಡಿ" ಎನ್ನುತ್ತಲೇ ಕೊನೆಯ ಗೆರೆ ದಾಟಿದ. ಸುತ್ತ ಯಾರೂ ಇರಲಿಲ್ಲ. ನಾನು ನಮ್ಮವರಿಗಾಗಿ ಮೊದಲ ಸಲ ಬಾವುಟ ಎತ್ತಲು ಸಿದ್ಧನಾದೆ. ಅವನು ಗೆರೆಯಾಚೆ ಒಂದು ಕಾಲೂರಿ ಗಿರಕ್ಕನೆ ತಿರುಗಿ, ಚೆಂಡಿನ ಸಮೇತ ವಾಪಸು ಓಡಿ ಬಂದ. ತನ್ನ ಕಡೆಗೇ ಓಡುತ್ತಿರುವವನನ್ನು ಎದುರಾಳಿಗಳು ಯಾಕೆ ತಡೆಯುತ್ತಾರೆ? ದಾರಿ ಬಿಟ್ಟರು. ನಡುಗೆರೆ ದಾಟಿ, ಉಸಿರು ಬಿಟ್ಟು, ಎರಡೂ ಕೈ ಎತ್ತಿದ.

ಎಂಜಿನಿಯರ್ ನೆಲಕ್ಕೆ ಕುಸಿದರು. "ಯಾಕೆ ವಾಪಸು ಬಂದೆ?"

"ಬರ್ದೆ ಅಲ್ಲೇ ಇರಕ್ಕಾದದಾ ಸಾ? ಅಲ್ಲೆಲ್ಲ ಅವರೋರೇ ಅವ್ರೆ!"

ಮನೆಯಲ್ಲಿ

ಪಂದ್ಯದ ಮಾರನೆಯ ದಿನ ಕಂಡಕ್ಟರನ ಮನೆಗೆ ಹೋದರೆ ಕಾಲು ಚಾಚಿ ಕುಳಿತಿರುತ್ತಿದ್ದ. ಹೆಂಡತಿ ಮಂಡಿಗೆ ಬಿಸಿ ಎಣ್ಣೆ ತಿಕ್ಕುತ್ತಿರುತ್ತಿದ್ದರು. ಡಾಕ್ಟರು ಆಟ ಬಿಡಬೇಕೆಂದಿದ್ದರು. ನರಸೀಪುರದ ಪಂದ್ಯವೇ ಕೊನೆಯದು ಎಂದು ಹೆಂಡತಿಯ ಎದುರಿಗೆ ಒಪ್ಪಿಕೊಂಡಿದ್ದ.

"ಅಣ್ಣಾ, ನೀವು ಓದಿದೋರು, ಯೋಳಿ" ಎಂದರು ಆಕೆ ಒಂದು ದಿನ. "ಅಷ್ಟು ದೂರ ಓಡೋಗಿ ಇವರು ಏನು ಇಡ್ಬೇಕು?"

"ಚೆಂಡಮ್ಮ. ಬಗ್ಗಿ ನೆಲದ ಮೇಲೆ ಇಟ್ಟರೆ ಆಯಿತು."

"ಉಂಡ ತಟ್ಟೆ ಎತ್ತಿ ಆ ಕಡೆ ಇಡಲ್ಲ ಈ ಮನುಷ್ಯ. ಇವರು ಇಟ್ಟಂಗೇ ಆಯ್ತು!"

ಹಾಗೆಂದರೂ ಎಣ್ಣೆ ತಿಕ್ಕುವ ಕೈ ನಿಲ್ಲಲಿಲ್ಲ. ಅವನು ಏಳುವಾಗ ಮೆಲ್ಲಗೆ, "ನರಸೀಪುರಕ್ಕೆ ನಾನೂ ಬತ್ತೀನಿ" ಎಂದರು.

ಕೊನೆಯ ಪಂದ್ಯ

ಇದನ್ನು ಹೇಳುವ ಮೊದಲು ಕಂಡಕ್ಟರನ ಒಂದು ಅಭ್ಯಾಸ ತಿಳಿಸಬೇಕು. ಬಸ್ಸು ಯಾವುದೇ ಗುಡಿಯ ಮುಂದೆ ಹೋದರೂ ಕೈಯಲ್ಲಿ ಏನಿದೆಯೋ ಅದರ ಸಮೇತ ಬಗ್ಗಿ, ಬಸ್ಸಿನ ನೆಲ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದ. ಚಿಲ್ಲರೆ ಬಿತ್ತೇನೋ ಎಂದು ಅಕ್ಕಪಕ್ಕದ ಸೀಟಿನವರೂ ಜೊತೆಗೆ ಬಗ್ಗುತ್ತಿದ್ದರು.

ನರಸೀಪುರದ ಮೈದಾನದ ತುದಿಯಲ್ಲಿ, ಕೊನೆಯ ಗೆರೆಯಿಂದ ಸ್ವಲ್ಪ ಆಚೆ, ಬೇವಿನ ಮರದ ಕೆಳಗೆ ಮಾರಮ್ಮನ ಪುಟ್ಟ ಗುಡಿ ಇತ್ತು.

ಪಂದ್ಯವನ್ನು ನಾವು ಆಗಲೇ ಸೋತಾಗಿತ್ತು. ಸಮಯವೊಂದೇ ಮುಗಿಯಬೇಕಿತ್ತು. ಕಂಡಕ್ಟರನ ಹೆಂಡತಿ ನಮ್ಮ ಕಡೆಯ ಗೆರೆಯ ಹಿಂದೆ ಕಲ್ಲಿನ ಮೇಲೆ, ಎಣ್ಣೆ ಶೀಸೆಯ ಚೀಲ ಹಿಡಿದು ಕುಳಿತಿದ್ದರು. ಆಗ ಅವನಿಗೆ ಚೆಂಡು ಸಿಕ್ಕಿತು. ಕುಂಟುತ್ತಲೇ ಓಡಿದ. "ಇಡು! ಇಟ್ಬುಡು!" ಎಂದು ನಮ್ಮವರೆಲ್ಲ ಕೂಗಿದರು. ಕೇಳುವ ಸ್ಥಿತಿಯಲ್ಲಿ ಅವನಿರಲಿಲ್ಲ. ಉಸಿರು ಕಟ್ಟಿತ್ತು, ಬಾಯಲ್ಲಿ ಕಬಡ್ಡಿ. ಗೆರೆ ದಾಟಿದ. ತಿರುಗಲು ಕಾಲೂರಿದ. ಎದುರಿಗೆ ಮಾರಮ್ಮ.

ಎರಡೂ ಕೈಯಲ್ಲಿ ಚೆಂಡಿತ್ತು. ಚೆಂಡಿನ ಸಮೇತ ಬಗ್ಗಿ ನೆಲಕ್ಕೆ ಒತ್ತಿ, ಅದನ್ನೇ ಎತ್ತಿ ಕಣ್ಣಿಗೊತ್ತಿಕೊಂಡ.

ನರಸೀಪುರದ ಕೊನೆಯ ಆಟಗಾರ ಕೈಗೆಟಕುವಷ್ಟು ಹತ್ತಿರದಲ್ಲೇ ನಿಂತಿದ್ದ. "ಯಾಕ್ಲಾ ಬುಟ್ಟೆ?" ಎಂದು ಅವನ ತಂಡದವರು ಆಮೇಲೆ ಬೈದಾಗ, "ಅಮ್ಮನ್ ಮುಂದೆ ಬಗ್ಗಿರೋನ್ನ ಎಂಗಣ್ಣಾ ಕೆಡವ್ಲಿ?" ಎಂದನಂತೆ.

ರೆಫ್ರಿ ಸೀಟಿ ಊದಿ ಕೈ ಎತ್ತಿದರು. ನಾನು ಬಾವುಟ ಎತ್ತಿದೆ. ಕಂಡಕ್ಟರ್ ಮಾತ್ರ ಏನನ್ನೂ ನೋಡದೆ ತಿರುಗಿ ಓಡಿ ಬರುತ್ತಿದ್ದ. ತಬ್ಬಿಕೊಳ್ಳಲು ನಮ್ಮವರು ಎದುರು ನುಗ್ಗಿದರು. ಹಿಡಿಯಲು ಬಂದರೆಂದು ಅವರನ್ನೂ ಬಲಕ್ಕೆ ಎಡಕ್ಕೆ ಬಿಟ್ಟ. ಚೆಂಡು ಕೇಳುತ್ತಾ ರೆಫ್ರಿ ಅವನ ಹಿಂದೆ ಬಿದ್ದರು. ಎಂಜಿನಿಯರ್ ಅಳುತ್ತಾ ಅವರ ಹಿಂದೆ. ನಡುಗೆರೆ ದಾಟಿದ, ಅಟ್ಟಿಸಿಕೊಂಡು ಬರುವವರು ನಿಲ್ಲಲಿಲ್ಲ. ನಮ್ಮ ಕೊನೆಯ ಗೆರೆಯನ್ನೂ ದಾಟಿ, ಹೆಂಡತಿ ಕುಳಿತಿದ್ದ ಕಲ್ಲಿನ ತನಕ ಬಂದು ನಿಂತ. ಮುಖ ಕೆಂಪಾಗಿ ಕಣ್ಣು ಹೊರಗೆ ಬಂದಿತ್ತು, ಬಾಯಲ್ಲಿ ಇನ್ನೂ ಅದೇ ಜಪ.

ಆಕೆ ಎದ್ದು, ಅವನ ಕೈಯಿಂದ ಚೆಂಡು ತೆಗೆದುಕೊಂಡು, ಸೆರಗಿನಿಂದ ಮುಖ ಒರೆಸಿದರು.

"ಇಟ್ಟಾಯ್ತಂತೆ ಕಣ್ರೀ. ಇನ್ನ ಉಸ್ರು ಬುಡಿ."