ಫ್ಯಾನಣ್ಣ ಮತಗಟ್ಟೆ ಉಳಿಸಿದ್ದು

“ನೀನು ಹೋಗಿ ವೋಟು ಹಾಕಿ ಬಾಮ್ಮ, ಮಗೂನ ನಾನು ನೋಡ್ಕೋತೀನಿ” ಎಂದು ಫ್ಯಾನಣ್ಣ ಅಂದದ್ದೇ ಅವತ್ತಿನ ಫಜೀತಿಗೆಲ್ಲ ಮೂಲ. ಅಂದದ್ದು ಎದುರುಮನೆಯ ಹುಡುಗಿಗೆ ಮಾತ್ರ. ಆದರೆ ಆ ಬೀದಿಯಲ್ಲಿ ಒಬ್ಬರಿಗೆ ಅಂದ ಮಾತು ಒಬ್ಬರಿಗೇ ಕೇಳಿಸಿದ್ದು ಎಂದಾದರೂ ಉಂಟೇ?

ಹುಡುಗಿ ಎರಡನೇ ಮಾತಿಗೆ ಕಾಯದೆ ಮಗುವನ್ನು ಅವನ ತೋಳಿಗೆ ಹಾಕಿ, ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಳು. ಮಗು ಅವನ ಮೂಗನ್ನು ಸ್ವಿಚ್ಚು ಎಂದುಕೊಂಡು ಒತ್ತಿ ಒತ್ತಿ ನೋಡತೊಡಗಿತು.

ಫ್ಯಾನಣ್ಣ ಎಂದರೆ ಫ್ಯಾನು, ಮಿಕ್ಸಿ, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡಿಕೊಂಡು ತಾನಾಯಿತು ತನ್ನ ಸ್ಕ್ರೂಡ್ರೈವರಾಯಿತು ಎಂದು ಇದ್ದ ಪ್ರಾಣಿ. ಊರ ಉಸಾಬರಿಗೆ ಹೋದವನೇ ಅಲ್ಲ. ಅಂಥವನು ಅವತ್ತು ಬೆಳಗ್ಗೆ ಎಲ್ಲರಿಗಿಂತ ಮೊದಲು ವೋಟು ಹಾಕಿ ಬಂದು, ಎದೆಗೆ ‘ಸಂಚಾಲಕ’ ಎಂಬ ಬಿಲ್ಲೆ ಚುಚ್ಚಿಕೊಂಡು ಅಂಗಡಿಯಲ್ಲಿ ಕೂತಿದ್ದ. ಇದಕ್ಕೆಲ್ಲ ಕಾರಣ ಅವನ ಅಕ್ಕ.

ಅಕ್ಕನ ಒಂದು ಕಾಲು ಚಿಕ್ಕಂದಿನಿಂದಲೂ ಸ್ವಾಧೀನದಲ್ಲಿಲ್ಲ. ಕಂಕುಳಲ್ಲಿ ಊರುಗೋಲು ಇಟ್ಟುಕೊಂಡೇ ಹೊಲಿಗೆ ಮಿಷನ್ನು ತುಳಿದು, ತಾಯಿಯಿಲ್ಲದ ತಮ್ಮನನ್ನು ಸಾಕಿದವಳು. ಅವನಿಗೆ ಐವತ್ತು ದಾಟಿದ್ದರೂ ಅವಳ ಬಾಯಲ್ಲಿ ಇನ್ನೂ ಪುಟ್ಟ. ಆಸ್ಪತ್ರೆಗೆ ಹೋಗಬೇಕೆಂದರೆ ತಮ್ಮ ಎತ್ತಿ ಆಟೋದಲ್ಲಿ ಕೂರಿಸಬೇಕು, ಎತ್ತಿ ಇಳಿಸಬೇಕು; ಅವಳು ಅಷ್ಟು ಹೊತ್ತೂ ಮುಖ ಗಂಟು ಹಾಕಿಕೊಂಡಿರುತ್ತಾಳೆ. ಆದರೆ ವೋಟು ಹಾಕುವುದಕ್ಕೆ ಮಾತ್ರ ಬೀದಿಯ ಕೊನೆಯ ಶಾಲೆಗೆ ಒಬ್ಬಳೇ ನಡೆದು ಹೋಗುತ್ತಾಳೆ. ಹಿಂದೆ ಬರುತ್ತೇನೆಂದರೂ ಬಯ್ಯುತ್ತಾಳೆ.

“ಅಲ್ಲಿ ನನ್ನನ್ನ ನೋಡಿ ಯಾರೂ ಅಯ್ಯೋ ಪಾಪ ಅನ್ನಲ್ಲ ಕಣೋ. ಹೆಸರು ಕೂಗ್ತಾರೆ, ಬೆರಳು ಚಾಚಿ ಅಂತಾರೆ, ಅಷ್ಟೇ” ಎಂದು ಒಮ್ಮೆ ಹೇಳಿದ್ದಳು. ಆ ಮಾತು ಫ್ಯಾನಣ್ಣನ ಎದೆಯಲ್ಲಿ ಹಾಗೇ ಕೂತುಬಿಟ್ಟಿತ್ತು.

ಹೋದ ಸಲ ಆ ಮತಗಟ್ಟೆಗೆ ಬಂದವರು ಬೆರಳೆಣಿಕೆಯಷ್ಟು ಜನ. ಈ ಸಲವೂ ಖಾಲಿ ಹೊಡೆದರೆ ಅದನ್ನು ಮುಚ್ಚಿ, ಹೆದ್ದಾರಿಯಾಚೆಯ ದೊಡ್ಡ ಸಭಾಭವನದ ಮತಗಟ್ಟೆಗೆ ಸೇರಿಸುತ್ತೇವೆಂದು ಚುನಾವಣಾ ಕಚೇರಿಯವರು ಹೇಳಿಬಿಟ್ಟಿದ್ದರು. ಹೆದ್ದಾರಿಯೆಂದರೆ ಲಾರಿಗಳ ಸಮುದ್ರ. ದಾಟಬೇಕಾದರೆ ಮೇಲ್ಸೇತುವೆ ಹತ್ತಬೇಕು, ಮೇಲ್ಸೇತುವೆಗೆ ಇರುವುದೆಲ್ಲ ಮೆಟ್ಟಿಲು. ಅಂದರೆ ಅಕ್ಕನನ್ನು ಹೊತ್ತುಕೊಂಡು ಹೋಗಬೇಕು. ಅಂದರೆ ಅಕ್ಕ ಹೋಗುವುದೇ ಇಲ್ಲ.

ಹೀಗಾಗಿ ಮತಗಟ್ಟೆ ಉಳಿಸುವ ಒಕ್ಕೂಟ ಹುಟ್ಟಿದ್ದು. ಮಹಿಳಾ ಸಂಘ, ಕಾರ್ಮಿಕ ಸಂಘ, ಬಾಡಿಗೆದಾರರ ಸಂಘ, ಅಂಗವಿಕಲರ ಸಂಘ, ಎಲ್ಲ ಸೇರಿದವು. ಎಲ್ಲರಿಗೂ ವೋಟಿನ ಹಕ್ಕು ಸಿಗಬೇಕು ಎನ್ನುವಲ್ಲಿ ಅವರೆಲ್ಲರದೂ ಒಂದೇ ಮಾತು. ಮಿಕ್ಕ ಯಾವುದರಲ್ಲೂ ಒಂದೇ ಮಾತಲ್ಲ. ಬ್ಯಾನರಿನ ಬಣ್ಣಕ್ಕೇ ಒಂದು ಇಡೀ ಸಂಜೆ ಜಗಳವಾಗಿತ್ತು. ಯಾರಿಗೆ ವೋಟು ಹಾಕಬೇಕೆಂಬ ಮಾತನ್ನಂತೂ ಎತ್ತಲೇಕೂಡದೆಂದು ಮೊದಲ ದಿನವೇ ಆಣೆ ಮಾಡಿದ್ದರು, ಎತ್ತಿದ್ದರೆ ಒಕ್ಕೂಟ ಕೂತಲ್ಲೇ ಮುರಿಯುತ್ತಿತ್ತು. ಸಂಚಾಲಕ ಯಾರಾಗಬೇಕು ಎಂದು ಬಂದಾಗ ಒಬ್ಬರನ್ನು ಕಂಡರೆ ಇನ್ನೊಬ್ಬರಿಗೆ ಆಗದು. ಕೊನೆಗೆ ಯಾವ ಸಂಘಕ್ಕೂ ಸೇರದ, ಅಂಗಡಿಯಲ್ಲಿ ಉದ್ದ ಬೆಂಚು ಇಟ್ಟುಕೊಂಡಿದ್ದ ಫ್ಯಾನಣ್ಣನ ಕೊರಳಿಗೇ ಅದು ಬಿತ್ತು.

ಮತದಾನದ ದಿನ ಬೆಳಗ್ಗೆ ನೋಡಿದರೆ ಶಾಲೆಯ ಮುಂದೆ ನೊಣ ಹೊಡೆಯುತ್ತಿದ್ದರು. ಮನೆಮನೆಗೂ ಕರೆಯಲು ಇನ್ನೊಂದು ಸಂಘ ಹೋಗಿರುತ್ತದೆಂದು ಪ್ರತಿ ಸಂಘವೂ ಸುಮ್ಮನಾಗಿತ್ತು. ಹಿಟ್ಟಿನ ಮಿಲ್ಲಿನ ಯಜಮಾನನ ಮನೆ ಮೂಲೆಯಲ್ಲಿ ಎದ್ದು ಕಾಣುತ್ತಿದ್ದುದರಿಂದ ಅವನೊಬ್ಬನ ಬಾಗಿಲನ್ನು ಮಾತ್ರ ಎಲ್ಲ ಸಂಘದವರೂ ಬಡಿದಿದ್ದರು.

“ಎಷ್ಟು ಸಲ ಬರ್ತೀರ್ರೀ? ಬಂದವರಿಗೆಲ್ಲ ಒಂದೊಂದು ವೋಟು ಹಾಕ್ಬೇಕಾ ನಾನು?” ಎಂದು ಅವನು ರೇಗಿ ಬಾಗಿಲು ಹಾಕಿಕೊಂಡಿದ್ದ.

ಫ್ಯಾನಣ್ಣನ ಜೀವ ಹಿಡಿಯಷ್ಟಾಗಿತ್ತು. ಅಕ್ಕ ಸಂಜೆ ಬಿಸಿಲು ಇಳಿದ ಮೇಲೆ ಬರುತ್ತಾಳೆ. ಅಷ್ಟರೊಳಗೆ ಜನ ಸೇರದಿದ್ದರೆ ಇದೇ ಅವಳ ಕೊನೆಯ ನಡಿಗೆ. ಆ ಸಂಕಟದಲ್ಲೇ ಅವನು ಎದುರುಮನೆಯ ಹುಡುಗಿಗೆ ಆ ಮಾತು ಅಂದದ್ದು.

ಮಗುವಿನ ತಾಯಿ ತಿರುವು ದಾಟುವಷ್ಟರಲ್ಲಿ ಪಕ್ಕದ ಮನೆಯಾಕೆ ಪಾತ್ರೆ ಹಿಡಿದು ಬಂದಳು.

“ಅವಳ ಮಗೂನ ನೋಡ್ಕೋತೀರಂತೆ. ನನ್ನ ಹಾಲು ಏನು ಪಾಪ ಮಾಡಿದೆ? ಒಲೆ ಮೇಲಿಟ್ಟು ಹೋದ್ರೆ ಉಕ್ಕುತ್ತೆ, ಇಡದೆ ಹೋದ್ರೆ ಒಡೆಯುತ್ತೆ.”

“ಕೊಡಿ ಕೊಡಿ, ಇಲ್ಲೇ ಕಾಯಿಸ್ತೀನಿ” ಎಂದು ಫ್ಯಾನಣ್ಣ ರಿಪೇರಿಗೆ ಬಂದಿದ್ದ ಕರೆಂಟ್ ಒಲೆಯ ಮೇಲೆ ಅದನ್ನಿಟ್ಟ. ಆ ಒಲೆ ಯಾಕೆ ರಿಪೇರಿಗೆ ಬಂದಿತ್ತು ಎಂಬುದು ಅವನಿಗೆ ನೆನಪಾಗುವಷ್ಟರಲ್ಲಿ ಹಾಲು ಉಕ್ಕಿ, ಫ್ಯೂಸು ಹೋಗಿ, ಅರ್ಧ ಬೀದಿಗೆ ಕರೆಂಟಿಲ್ಲದಂತಾಯಿತು.

ಆದರೆ ಕೆಟ್ಟದ್ದರಲ್ಲೂ ಒಂದು ಒಳ್ಳೆಯದಾಯಿತು. ಟೀವಿ ನಿಂತುಹೋಗಿ ಜನ ಹೊರಗೆ ಬಂದರು. ಅದೇ ಹೊತ್ತಿಗೆ ಮಹಿಳಾ ಸಂಘದ ಟೀಚರಮ್ಮನೂ ಕಾರ್ಮಿಕ ಸಂಘದ ಕಾಮ್ರೇಡೂ ಅಂಗಡಿಗೆ ಕಾಲಿಟ್ಟರು. ಮಗು ಎತ್ತಿಕೊಂಡು ಹಾಲು ಒರೆಸುತ್ತಿದ್ದ ಸಂಚಾಲಕನನ್ನು ನೋಡಿ ಟೀಚರಮ್ಮನ ಕಣ್ಣು ಅರಳಿತು.

“ಇದನ್ನೇ ನಾನು ವರ್ಷಗಟ್ಟಲೆ ಹೇಳಿದ್ದು! ಹೆಂಗಸರ ವೋಟನ್ನ ತಡೆಯೋದು ಮನೆಕೆಲಸ ಕಣ್ರೀ. ಇದು ನಮ್ಮ ಸಂಘದ ಕಾರ್ಯಕ್ರಮ.”

“ಏನಮ್ಮಾ ನಿಮ್ಮ ಸಂಘದ್ದು? ದುಡಿಮೆಯ ಹೊರೆ ಹಂಚ್ಕೊಳ್ಳೋದು ನಮ್ಮ ಸಂಘದ ಮೂಲ ಸಿದ್ಧಾಂತ” ಎಂದು ಕಾಮ್ರೇಡ್ ತೋಳು ಮಡಿಸಿದ.

ಸ್ವಲ್ಪ ಹೊತ್ತು ಸಿದ್ಧಾಂತ ಯಾರದೆಂದು ಜಗಳಾಡಿದರು. ಮಗು ಯಾರದೆಂದು ಇಬ್ಬರೂ ಕೇಳಲಿಲ್ಲ. ಕೊನೆಗೆ ಇಬ್ಬರೂ ಒಂದೇ ಮೈಕು ಹಿಡಿದು, ಆಟೋ ಹತ್ತಿ, ಬೀದಿ ಬೀದಿಯಲ್ಲಿ ಕೂಗಿಕೊಂಡು ಹೋದರು: “ನಿಮ್ಮ ಮನೆ ಜವಾಬ್ದಾರಿ ಇವತ್ತು ಒಕ್ಕೂಟದ್ದು! ಬಿಟ್ಟು ಬರೋಕಾಗದ್ದನ್ನೆಲ್ಲ ಫ್ಯಾನಣ್ಣನ ಅಂಗಡೀಲಿ ಬಿಡಿ! ನಿಶ್ಚಿಂತೆಯಿಂದ ವೋಟು ಹಾಕಿ!”

ನಿಲ್ಲಿಸೋಣವೆಂದು ಫ್ಯಾನಣ್ಣ ಹೊರಗೆ ಓಡಿಬರುವಷ್ಟರಲ್ಲಿ ಆಟೋ ತಿರುವು ದಾಟಿಯಾಗಿತ್ತು.

ಆಮೇಲೆ ಬಂದವು ನೋಡಿ! ಇನ್ನಷ್ಟು ಮಕ್ಕಳು ಬಂದವು. ಕಂಡವರನ್ನೆಲ್ಲ ನೆಕ್ಕುವ ನಾಯಿಯೊಂದು ಬಂತು. ಮೊಟ್ಟೆಯ ಮೇಲೆ ಕೂತಿದ್ದ ಕೋಳಿ ಬುಟ್ಟಿ ಸಮೇತ ಬಂದು, ಫ್ಯಾನಣ್ಣನನ್ನು ಕೆಕ್ಕರಿಸಿ ನೋಡಿತು. ಒಬ್ಬಾಕೆ ಕಿವಿ ಸರಿಯಾಗಿ ಕೇಳಿಸದ ತನ್ನ ಮಾವನನ್ನು ಕರೆತಂದು ಬೆಂಚಿನ ಮೇಲೆ ಕೂರಿಸಿ, “ಎದ್ದು ಎಲ್ಲಾದ್ರೂ ಹೋಗ್ಬಿಡ್ತಾರೆ, ಒಂದು ಕಣ್ಣಿಟ್ಟಿರಿ” ಎಂದು ಹೇಳಿ ಹೊರಟಳು. ಫ್ಯಾನಣ್ಣನಿಗೆ ಇದ್ದ ಕಣ್ಣು ಎರಡೇ, ಎರಡೂ ಆಗಲೇ ಕೋಳಿಯ ಮೇಲಿದ್ದವು.

ಕೊನೆಗೆ ಬಂದವನು ಮಿಲ್ಲಿನ ಯಜಮಾನ. ಎಲ್ಲರೂ ಏನಾದರೊಂದು ಬಿಟ್ಟು ಹೋಗುತ್ತಿರುವಾಗ ತಾನು ಮಾತ್ರ ಯಾಕೆ ಸುಮ್ಮನಿರಬೇಕೆಂದು ಅವನಿಗೂ ಹುರುಪು ಬಂದಿತ್ತು.

“ನಂದು ಮಿಲ್ಲು. ಕರೆಂಟು ಬಂದ ಕೂಡಲೇ ಬಂದವರದು ಬೀಸ್ಕೊಡು. ನೀನು ಮಿಷನ್ನು ಗೊತ್ತಿರೋನು ತಾನೇ?”

“ಅಣ್ಣಾ, ನನಗೆ ಗೊತ್ತಿರೋದು ಮಿಕ್ಸಿ...”

“ಮಿಲ್ಲು ಅಂದ್ರೆ ಇನ್ನೇನು, ದೊಡ್ಡ ಮಿಕ್ಸಿ” ಎಂದು ಅವನು ನಡೆದ.

ಕರೆಂಟು ಬಂತು. ಮಿಲ್ಲು ಗುಡುಗಿತು. ಹಿಟ್ಟು ಚೀಲಕ್ಕೆ ಬೀಳುವ ಬದಲು ಆಕಾಶಕ್ಕೆ ಹಾರಿತು. ಬೆನ್ನಿಗೆ ಕಟ್ಟಿಕೊಂಡಿದ್ದ ಮಗುವೂ ಕಾಲು ಸುತ್ತುತ್ತಿದ್ದ ನಾಯಿಯೂ ಸಂಚಾಲಕನೂ ಒಂದೇ ಬಣ್ಣವಾಗಿ ಹೊರಗೆ ಬಂದದ್ದನ್ನು ನೋಡಿ ಬೆಂಚಿನ ಮೇಲಿದ್ದ ತಾತ ಹಲ್ಲಿಲ್ಲದ ಬಾಯಿ ತುಂಬ ನಕ್ಕ.

ಇತ್ತ ಸಲೂನಿನವನಿಗೂ ಒಕ್ಕೂಟದ ಉತ್ಸಾಹ ತಾಗಿತ್ತು. ಕುರ್ಚಿಯಲ್ಲಿ ಕೂತವರಿಗೆಲ್ಲ ಒಂದು ಕೆನ್ನೆ ಬೋಳಿಸಿ, “ಇನ್ನೊಂದು ಕೆನ್ನೆ ವೋಟು ಹಾಕಿ ಬಂದ ಮೇಲೆ” ಎನ್ನುತ್ತಿದ್ದ. ನೊರೆ ಹಚ್ಚಿದ ಅರೆಮುಖದವರೆಲ್ಲ ಗೊಣಗುತ್ತ ಸಾಲಿನಲ್ಲಿ ನಿಂತಿದ್ದರು. ಟೀಚರಮ್ಮ ಓಡಿಬಂದು, “ವೋಟು ಹಾಕೋದು ಅವರ ಹಕ್ಕು, ಬಲವಂತ ಮಾಡ್ಬಾರದು, ಪೂರ್ತಿ ಬೋಳಿಸಪ್ಪ” ಎಂದು ಅವನಿಗೆ ಛೀಮಾರಿ ಹಾಕಿದರು. ಅವನು ಕತ್ತಿ ಹಿಡಿದು ಸಾಲಿಗೇ ಬಂದು, ನಿಂತಲ್ಲೇ ಒಬ್ಬೊಬ್ಬರದೂ ಮುಗಿಸಿಕೊಟ್ಟ.

ಬಿಸಿಲು ಇಳಿಯಿತು. ಎಲ್ಲ ಸಂಘಗಳೂ ತಾವು ತಾವು ಹಿಡಿದು ತಂದವರನ್ನು ಒಂದೇ ಗಳಿಗೆಗೆ ತಂದು ಸುರಿದವು. ಸಾಲು ಶಾಲೆಯ ಗೇಟು ದಾಟಿ, ಸಲೂನು ದಾಟಿ, ಮಿಲ್ಲು ದಾಟಿ, ಫ್ಯಾನಣ್ಣನ ಅಂಗಡಿಯ ಮುಂದೆ ಬಂದು ನಿಂತಿತು. ಸಾಲು ಬೆಳೆದಷ್ಟೂ ಮಕ್ಕಳ ತಾಯಂದಿರು ತಿರುಗಿ ಬರುವುದು ತಡವಾಯಿತು, ತಾಯಂದಿರು ತಡವಾದಷ್ಟೂ ಮಕ್ಕಳ ಅಳು ಏರಿತು. ಫ್ಯಾನಣ್ಣ ಅಳುವ ಮಕ್ಕಳ ಮುಂದೆ ಟೇಬಲ್ ಫ್ಯಾನು ತಿರುಗಿಸಿ, ತಾನೂ ಅದರ ಜೊತೆಗೆ ಕತ್ತು ತಿರುಗಿಸುತ್ತ, ಒಳಗೊಳಗೇ ಹಿಗ್ಗಿದ. ಅಷ್ಟು ಜನವನ್ನು ಆ ಬೀದಿ ಕಂಡೇ ಇರಲಿಲ್ಲ.

ಆಗ ಅಕ್ಕ ಬಂದಳು. ಇಸ್ತ್ರಿ ಮಾಡಿದ ಬಟ್ಟೆ, ಒಪ್ಪವಾಗಿ ಬಾಚಿದ ತಲೆ, ಕಂಕುಳಲ್ಲಿ ಊರುಗೋಲು. ಅಂಗಡಿಯ ಮುಂದೆ ನಿಂತು ತಮ್ಮನನ್ನು ಮೇಲಿಂದ ಕೆಳಗೆ ನೋಡಿದಳು.

“ಏನೋ ಪುಟ್ಟಾ ಇದು, ಹಿಟ್ಟಿನ ಚೀಲದೊಳಗೆ ಮಲಗಿದ್ಯಾ?”

“ನೀನು ಮುಂದೆ ಹೋಗಕ್ಕಾ, ನಿನ್ನನ್ನ ಬಿಡ್ತಾರೆ.”

“ಯಾಕೆ? ನನಗೇನು ಕೊಂಬಿದೆಯಾ? ಸಾಲು ಎಲ್ಲಿ ಮುಗಿಯುತ್ತೋ ಅಲ್ಲೇ ನಿಲ್ತೀನಿ” ಎಂದು ಅವಳು ಕೊನೆಯಲ್ಲಿ ಹೋಗಿ ನಿಂತಳು. ಹಿಂದೆ ಮುಂದೆ ನಿಂತವರ ಜೊತೆ ಮಾತಿಗಿಳಿದು ನಗುತ್ತಿದ್ದವಳನ್ನು ಫ್ಯಾನಣ್ಣ ಫ್ಯಾನು ತಿರುಗಿಸುವುದನ್ನೂ ಮರೆತು ನೋಡುತ್ತ ನಿಂತ.

ಅಷ್ಟರಲ್ಲಿ ಬೆಂಚು ನೋಡುತ್ತಾನೆ, ತಾತ ಇಲ್ಲ! ಮಗುವನ್ನು ಹೆಗಲಿಗೆ ಹಾಕಿಕೊಂಡು ಓಡಿದ. ಮಿಲ್ಲಿನಲ್ಲಿಲ್ಲ, ಸಲೂನಿನಲ್ಲಿಲ್ಲ. ವೋಟು ಹಾಕಿ ಬಂದ ಸೊಸೆ ಎದುರಾಗಿ ಬಾಯಿ ಬಡಿದುಕೊಳ್ಳತೊಡಗಿದಳು. ಕೊನೆಗೆ ನೋಡಿದರೆ ತಾತ ಸಾಲಿನಲ್ಲಿ, ಅಕ್ಕನ ಹಿಂದೆ, ನೆಟ್ಟಗೆ ನಿಂತಿದ್ದಾನೆ.

“ಮಾವಾ, ಇಲ್ಲೇನು ಮಾಡ್ತಿದ್ದೀರಿ?” ಎಂದು ಸೊಸೆ ಕಿವಿಯ ಹತ್ತಿರ ಕೂಗಿದಳು.

“ವೋಟು ಹಾಕ್ತಾ ಇದ್ದೀನಿ.”

“ನಿಮಗೂ ವೋಟಿದೆಯಾ?”

“ನಿನ್ನ ಮದುವೆಗಿಂತ ಮುಂಚಿನಿಂದ ಇದೆ. ಯಾರಾದ್ರೂ ಕೇಳಿದ್ರೆ ತಾನೇ ಹೇಳೋಕೆ?”

ಸೊಸೆ ನಾಲಗೆ ಕಚ್ಚಿಕೊಂಡಳು. ಟೀಚರಮ್ಮ, ಕಾಮ್ರೇಡ್ ಇಬ್ಬರೂ ನೆಲ ನೋಡಿದರು. ಫ್ಯಾನಣ್ಣನಿಗಂತೂ ತಾತನನ್ನು ಕೋಳಿಬುಟ್ಟಿಯ ಪಕ್ಕ ಕೂರಿಸಿ ಕಾವಲು ಕಾದ ತನ್ನ ಬುದ್ಧಿಗೆ ತುಂಬಾ ನಾಚಿಕೆಯಾಯಿತು.

ಗೇಟು ಮುಚ್ಚುವ ಹೊತ್ತಾಯಿತು. ಸಾಲಿನಲ್ಲಿದ್ದವರಿಗೆಲ್ಲ ಚೀಟಿ ಕೊಟ್ಟು ಒಳಗೆ ಬಿಟ್ಟರು. ಎದುರುಮನೆಯ ಹುಡುಗಿ ಒಬ್ಬಳು ಬಿಟ್ಟು ಮಿಕ್ಕವರೆಲ್ಲ ತಮ್ಮ ತಮ್ಮ ಮಕ್ಕಳನ್ನೂ ನಾಯಿಯನ್ನೂ ಕೋಳಿಯನ್ನೂ ಒಯ್ದರು. ಆ ಹುಡುಗಿ ಬೆಳಗ್ಗೆಯಿಂದ ಬಂದ ಬಂದ ಗೆಳತಿಯರಿಗೆಲ್ಲ ಜಾಗ ಬಿಟ್ಟುಕೊಟ್ಟು ಮತ್ತೆ ಮತ್ತೆ ಸಾಲಿನ ಕೊನೆಗೇ ಹೋಗಿ ನಿಲ್ಲುತ್ತಿದ್ದಳು. ಒಂದು ದಿನವಾದರೂ ಕೈ ಖಾಲಿ ಇರಲಿ ಎಂದು. ಅಕ್ಕ ವೋಟು ಹಾಕಿ ಹೊರಗೆ ಬಂದು, ಶಾಲೆಯ ಕಟ್ಟೆಯ ಮೇಲೆ ಮೊದಲ ಸಲ ಕೂತಳು. ನಿಂತು ನಿಂತು ಅವಳ ಒಳ್ಳೆಯ ಕಾಲೂ ನಡುಗುತ್ತಿತ್ತು.

ಆಗ ಮತಗಟ್ಟೆಯ ಅಧಿಕಾರಿ ಕೈಯೊರೆಸಿಕೊಳ್ಳುತ್ತ ಹೊರಗೆ ಬಂದರು. ಮುಖದಲ್ಲಿ ಸಂತೋಷ ಉಕ್ಕುತ್ತಿತ್ತು.

“ಒಕ್ಕೂಟದ ಸಂಚಾಲಕರು ಯಾರ್ರೀ? ನೀವಾ? ನನ್ನ ಇಡೀ ನೌಕರೀಲಿ ಇಂಥ ಸಾಲು ನೋಡಿಲ್ಲ ಸ್ವಾಮಿ! ಜನ ಬರಲ್ಲ ಅಂತ ಮುಚ್ಚೋ ಮಾತು ಇವತ್ತಿಗೆ ಮುಗೀತು.”

ಚಪ್ಪಾಳೆಯೋ ಚಪ್ಪಾಳೆ. ಟೀಚರಮ್ಮ ಕಾಮ್ರೇಡನ ಕೈ ಹಿಡಿದು ಕುಲುಕಿದರು. ಫ್ಯಾನಣ್ಣನ ಹಿಟ್ಟಿನ ಮುಖದ ಮೇಲೆ ಕಣ್ಣೀರು ಎರಡು ದಾರಿ ಮಾಡಿಕೊಂಡು ಇಳಿಯಿತು.

“ಆದ್ರೆ ಈ ಕೋಣೆ ಇಷ್ಟು ಜನಕ್ಕೆ ಎಲ್ಲಿ ಸಾಕಾಗುತ್ತೆ ಹೇಳಿ?” ಎಂದರು ಅಧಿಕಾರಿ, ಅಕ್ಕನ ಕಡೆಗೆ ಕೈ ತೋರಿಸಿ. “ಇಂಥವರೆಲ್ಲ ಎಷ್ಟು ಹೊತ್ತು ನಿಂತ್ರು ಪಾಪ! ನನ್ನ ಕರುಳು ಚುರ್ ಅಂತು. ಆಗಲೇ ಮೇಲಿನವರಿಗೆ ಫೋನ್ ಮಾಡಿ ಒಪ್ಪಿಸಿದ್ದೀನಿ. ಮುಂದಿನ ಸಲದಿಂದ ನಿಮ್ಮ ಮತಗಟ್ಟೆ ಹೆದ್ದಾರಿ ಆಚೆ, ದೊಡ್ಡ ಸಭಾಭವನದಲ್ಲಿ!”

ಟೀಚರಮ್ಮನ ಕೈ ಬಿಟ್ಟು ಕಾಮ್ರೇಡ್ ಕೇಳಿದ, “ಇದಕ್ಕೆ ನಾವು ವಿರೋಧ ಸಲ್ಲಿಸಬಹುದಾ?”

“ಧಾರಾಳವಾಗಿ. ಏನಂತ ಸಲ್ಲಿಸ್ತೀರಿ? ಜನ ಜಾಸ್ತಿ ಬಂದ್ರು ಅಂತಲಾ?”

ಕಟ್ಟೆಯ ಮೇಲೆ ಕೂತಿದ್ದ ಅಕ್ಕನಿಗೆ ನಗು ಒತ್ತರಿಸಿ ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕಳು, ಕಣ್ಣೊರೆಸಿಕೊಂಡು ಮತ್ತೆ ನಕ್ಕಳು.

“ಪುಟ್ಟಾ, ಕಡಿಮೆ ಬಂದ್ರೂ ಆಚೆಗಂತೆ, ಜಾಸ್ತಿ ಬಂದ್ರೂ ಆಚೆಗಂತೆ. ಸರಿಯಾಗಿ ಎಷ್ಟು ಜನ ಬರಬೇಕಿತ್ತು ಅಂತ ಅವರನ್ನೇ ಕೇಳೋ!”

ಫ್ಯಾನಣ್ಣನಿಗೆ ನಗು ಬರಲಿಲ್ಲ. ಅವಳ ಮುಂದೆ ಹೋಗಿ ನಿಂತು, “ಎಲ್ಲ ಹಾಳು ಮಾಡ್ಬಿಟ್ಟೆ ಅಕ್ಕಾ” ಎಂದ.

“ಸುಮ್ನಿರೋ. ಇವತ್ತು ಆ ಸಾಲಲ್ಲಿ ಎಷ್ಟು ಚೆನ್ನಾಗಿತ್ತು ಗೊತ್ತಾ? ಹೆದ್ದಾರಿ ಆಚೆ ತಾನೇ? ಅಷ್ಟೂ ಜನ ಹೋಗ್ತಾರೆ ಅಂದ್ರೆ ನಾನೊಬ್ಬಳು ಯಾಕೆ ಮನೇಲಿರ್ಲಿ? ಹೊತ್ಕೊಂಡಾದ್ರೂ ಕರ್ಕೊಂಡು ಹೋಗು.” ಅವಳು ಊರುಗೋಲು ಊರಿ ಏಳಲು ನೋಡಿದಳು. ಕಾಲು ಕೇಳಲಿಲ್ಲ. ಒಂದು ಗಳಿಗೆ ಬಿಗುಮಾನದಿಂದ ಅತ್ತಿತ್ತ ನೋಡಿ, ಆಮೇಲೆ ಮೆಲ್ಲಗೆ, “ಕೈ ಕೊಡು. ಇವತ್ತಿಂದಲೇ ಅಭ್ಯಾಸ ಆಗ್ಲಿ” ಎಂದಳು.

ಅಕ್ಕ ತಾನಾಗಿ ಕೈ ಕೇಳಿದ್ದು ಅವನ ಜೀವಮಾನದಲ್ಲಿ ಅದೇ ಮೊದಲು. ಆದರೆ ಫ್ಯಾನಣ್ಣನ ಎಡಗೈಯಲ್ಲಿ ಎದುರುಮನೆಯ ಮಗು ನಿದ್ದೆ ಹೋಗಿತ್ತು, ಬಲಗೈಯಲ್ಲಿ ಪಕ್ಕದ ಮನೆಯಾಕೆಗೆ ತಿರುಗಿ ಕೊಡಲೆಂದು ತಂದಿದ್ದ ಹಾಲಿನ ಪಾತ್ರೆಯಿತ್ತು. ಅಕ್ಕ ನೋಡಿದಳು, ಅವನ ಅಂಗಿಯ ತುದಿಯನ್ನು ಹಿಂದಿನಿಂದ ಬಿಗಿಯಾಗಿ ಹಿಡಿದುಕೊಂಡಳು, “ನಡಿ ಮತ್ತೆ, ಮೆಲ್ಲಗೆ” ಎಂದಳು.