ಇಲ್ಲದ ಶಫೀಕನಿಗೆ ಅತ್ತದ್ದು

ಅಳುವುದರಲ್ಲಿ ಇಡೀ ಕೈರೋದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ತೀರ್ಮಾನಿಸಿದ್ದೆ! ನನ್ನ ಲೆಕ್ಕ ಹೀಗಿತ್ತು. ಗಂಡ ಸುಬ್ಹಿ ಸತ್ತಾಗ ನನಗೆ ಕಣ್ಣೀರು ಬರಲಿಲ್ಲ. ಆಮೇಲೂ ಬರಲಿಲ್ಲ. ಅಂದರೆ ಎಲ್ಲ ಒಳಗೇ ಇದೆ! ತುಂಬಿದ ಟ್ಯಾಂಕು! ನಲ್ಲಿ ತಿರುಗಿಸಿದರೆ ಸಾಕು.

ಶುಬ್ರಾದ ನಮ್ಮ ಗಲ್ಲಿ ಹಾಗೆ ತಿಳಿಯಲಿಲ್ಲ. "ಈ ಇನ್ಶಿರಾಹ್ ಎದೇಲಿರೋದು ಕಲ್ಲು" ಎಂದು ನನ್ನ ಹೆಸರು ಹಿಡಿದೇ ಆಡಿಕೊಂಡಿತು. ಅಷ್ಟರಲ್ಲಿ ಸುದ್ದಿ ಬಂತು. ರಂಜಾನ್ ತಿಂಗಳ ಟಿವಿ ಧಾರಾವಾಹಿಯಲ್ಲಿ ಅಳುವ ವಿಧವೆಯ ಪಾತ್ರಕ್ಕೆ ಗಲ್ಲಿಯ ಹೆಂಗಸರೇ ಬೇಕಂತೆ, ಕಲಿಸಿ ಆರಿಸುತ್ತಾರಂತೆ. ಸರಿ, ಟಿವಿಯಲ್ಲೇ ಅತ್ತು ತೋರಿಸುತ್ತೇನೆ! ಇಫ್ತಾರ್ ಮುಗಿಸಿ ದೇಶವೆಲ್ಲ ಕೂತು ನೋಡಲಿ! ಕಲ್ಲಂತೆ ಕಲ್ಲು!

ಕಲಿಸುವವರು ಉಸ್ತಾದ್ ಸರ್ವತ್. ತೆಳ್ಳಗಿನ ಮನುಷ್ಯ. ಮಾತಿಗಿಂತ ಹೆಚ್ಚು ಕೈ ಆಡಿಸುತ್ತಿದ್ದರು.

"ಗಂಡನ್ನ ನೆನೆಸ್ಕೊಂಡು ಶುರು ಮಾಡ್ಲಾ ಉಸ್ತಾದ್?"

"ಬೇಡವೇ ಬೇಡ! ಗಂಡನ್ನ ಮನೇಲಿ ಬಿಟ್ಟು ಬನ್ನಿ."

"ಮನೇಲಿಲ್ಲ. ಮಣ್ಣಲ್ಲಿದ್ದಾರೆ."

ಪಾಪ, ಅವರ ಕೈ ಗಾಳಿಯಲ್ಲೇ ನಿಂತಿತು. "ಕ್ಷಮಿಸಿ ತಾಯಿ" ಎಂದರು. ಆಮೇಲೆ ಮೆಲ್ಲಗೆ ತಿಳಿಸಿದರು. ಸ್ವಂತ ಗಾಯ ಕೆರೆದುಕೊಂಡು ನಟಿಸಬಾರದಂತೆ. ಬೇರೊಬ್ಬ ಹೆಂಗಸನ್ನು ಕಲ್ಪಿಸಿಕೊಳ್ಳಬೇಕಂತೆ. ಅವಳ ಗಂಡ ಹೇಗೆ ನಡೆಯುತ್ತಾನೆ, ಹೇಗೆ ತಿನ್ನುತ್ತಾನೆ, ಎಲ್ಲ ಕಣ್ಣಿಗೆ ಕಟ್ಟಬೇಕು. ಅವಳ ದುಃಖಕ್ಕೆ ಒಂದು ದೊಡ್ಡ ಭಂಗಿ ಹುಡುಕಿ ಮೈಯಿಡೀ ಹಾಗೆ ನಿಲ್ಲಬೇಕು. ಆಗ ಅಳು ತಾನಾಗಿ ಬರುತ್ತದಂತೆ.

ಮನೆಗೆ ಬಂದು ಕಲ್ಪಿಸಿದೆ. ಹೆಂಗಸು ದಲಾಲ್. ಗಂಡ ಶಫೀಕ್. ಮಾಳಿಗೆಯ ಮೇಲೆ ಪಾರಿವಾಳ ಸಾಕುವವನು. ಕಾಲು ಸ್ವಲ್ಪ ಕುಂಟು. ಮನೆಗೆ ಬಂದಾಗ ಮೆಟ್ಟಿಲಲ್ಲೇ ನಿಂತು ಕೆಮ್ಮುತ್ತಾನೆ. ಚಹಾಕ್ಕೆ ರಾಶಿ ಸಕ್ಕರೆ ಸುರಿದು, ಕಲಕದೆ ಕುಡಿಯುತ್ತಾನೆ. ಇಷ್ಟು ಆದಮೇಲೆ ಅವನನ್ನು ಸಾಯಿಸಿದೆ! ಅಡುಗೆಮನೆಯಲ್ಲಿ ನಿಂತು, ಮುಚ್ಚುತ್ತಿರುವ ಬಾಗಿಲನ್ನು ಹಿಡಿದೆಳೆಯುವವಳ ಹಾಗೆ ಗಾಳಿಯನ್ನು ಎಳೆದು ಕೂಗಿದೆ:

"ಅಯ್ಯೋ ಶಫೀಕ್! ಮನೆಯ ಭಾರ ಹೊತ್ತ ನನ್ನ ಒಂಟೆಯೇ! ಹೋದೆಯಾ!"

ಕಣ್ಣೀರು ಬರಲಿಲ್ಲ. ಬಂದದ್ದು ಗಲ್ಲಿ!

ನಮ್ಮಲ್ಲಿ ಗೋಳು ಕೇಳಿದರೆ ಮೊದಲು ಕಪ್ಪು ಬಟ್ಟೆ, ಆಮೇಲೆ ಪ್ರಶ್ನೆ. ಎದುರುಮನೆಯ ಉಮ್ಮ್ ರಗಬ್ ಸಾವಿನ ಮನೆಯಲ್ಲಿ ಹಂಚುವ ಸಕ್ಕರೆಯಿಲ್ಲದ ಕಾಫಿಯ ತಟ್ಟೆ ಹಿಡಿದೇ ನುಗ್ಗಿದಳು. ಹಿಂದೆ ಹೆಂಗಸರ ಸೈನ್ಯ! ಬಾಡಿಗೆ ಕುರ್ಚಿಗಳು ಮೆಟ್ಟಿಲು ಹತ್ತಿದವು. ಯಾರೋ ಕುರಾನ್ ಪಠಣ ಹಾಕಿದರು. ಕೆಳಗಿನ ಮನೆಯಲ್ಲಿ ಹಾಜಿ ಮಿತ್ವಲ್ಲಿಯವರ ಮಗಳ ಮದುವೆ. ಬೆಳಗಿನಿಂದ ಅಬ್ಬರಿಸುತ್ತಿದ್ದ ಹಾಡು ಟಕ್ಕನೆ ನಿಂತಿತು. ಒಂದೇ ಕಟ್ಟಡದಲ್ಲಿ ಸಾವಿರುವಾಗ ಕುಣಿಯುವುದುಂಟೆ? ಬಣ್ಣದ ದೀಪ ಬಿಚ್ಚಿಸಿ ಹಾಜಿಯವರು ತಾವೇ ಮೇಲೆ ಬಂದರು.

"ಚಿಂತೆ ಬೇಡ ತಂಗಿ. ಮದುವೆ ಮುಂದಕ್ಕೆ ಹಾಕ್ತೀನಿ. ತೀರ್ಕೊಂಡೋರು ಯಾರು?"

ನನ್ನ ಬಾಯಿಂದ ಅದೇ ಹೆಸರು ಹೊರಬಿತ್ತು: "ಶಫೀಕ್."

"ಯಾವ ಶಫೀಕ್?"

"ಪಾರಿವಾಳ ಸಾಕ್ತಿದ್ದೋನು."

ಉಮ್ಮ್ ರಗಬ್ ತಟ್ಟೆಯನ್ನು ಕುಕ್ಕಿದಳು. "ಕಟ್ಕೊಂಡ ಗಂಡನಿಗೆ ಒಂದು ಹನಿ ಹಾಕ್ಲಿಲ್ಲ! ಪಾರಿವಾಳದವನಿಗೆ ಬೀದಿಗೆ ಕೇಳೋ ಹಾಗೆ ಅಳ್ತೀಯಾ? ಎಷ್ಟು ದಿನದಿಂದ ನಡೀತಿತ್ತೇ ಇದು?"

"ಅಯ್ಯೋ, ಅಂಥವನು ಯಾರೂ ಇಲ್ಲ ಕಣೇ! ನಟನೆಗೆ ಅಂತ ಕಲ್ಪನೆ! ಆ ಕುಂಟುಗಾಲು, ಮೆಟ್ಟಿಲಲ್ಲಿ ಕೆಮ್ಮೋದು, ಚಹಾ ಕಲಕದೆ ಕುಡಿಯೋದು, ಎಲ್ಲ ನಾನೇ ಕಟ್ಟಿದ್ದು!"

ಅವಳು ನನ್ನನ್ನೇ ನೋಡಿದಳು. ದನಿ ಇಳಿಯಿತು. "ಮೆಟ್ಟಿಲಲ್ಲಿ ಕೆಮ್ತಿದ್ದೋನು ನಿನ್ನ ಸುಬ್ಹಿ ಅಲ್ವೇನೇ? ಚಹಾ ಕಲಕದೆ ಕುಡೀತಿದ್ದೋನೂ ಅವನೇ. ಹೆಸರು ಬದಲಾಯ್ಸಿ ಪಾರಿವಾಳ ಕೊಟ್ಟಿದ್ದೀಯ, ಅಷ್ಟೇ."

ಹೇಳುತ್ತಾ ಹೇಳುತ್ತಾ ಅವಳೇ ಅತ್ತಳು. ಹೆಂಗಸರೆಲ್ಲ ಅತ್ತರು. ಹಾಜಿಯವರೂ ಕಣ್ಣೊರೆಸಿಕೊಂಡರು. "ಹಾಗಾದ್ರೆ ತಂಗಿ... ಹಾಡು ಹಾಕ್ಲಾ?"

"ಹಾಕಿ ಹಾಜಿ."

ಇಡೀ ಕೋಣೆಯಲ್ಲಿ ಒಣಗಿದ ಕಣ್ಣು ನನ್ನದೊಂದೇ!

ಆಯ್ಕೆಯ ದಿನ ಉಮ್ಮ್ ರಗಬ್ ನನ್ನ ಜೊತೆ ಹೊರಟಳು, ಉಸ್ತಾದರಿಗೆ ಛೀಮಾರಿ ಹಾಕಲು. "ಏನು ಕಲ್ಸಿದ್ರಿ ಇವಳಿಗೆ? ಮದುವೆ ನಿಲ್ಲಿಸಿಬಿಟ್ಟಳಲ್ಲ! ಹೀಗೆ ಗಾಳಿ ಎಳೆದು, ಹೀಗೆ ಕೂಗಿ..." ಎಂದು ಮಾಡಿ ತೋರಿಸಿದಳು. "ಅಯ್ಯೋ ಶಫೀಕ್!" ಎನ್ನುವಷ್ಟರಲ್ಲಿ ಅವಳ ಕಣ್ಣಲ್ಲಿ ನೈಲ್ ನದಿ!

ಉಸ್ತಾದರ ಕೈ ಮತ್ತೆ ಗಾಳಿಯಲ್ಲಿ ನಿಂತಿತು. "ಇವರೇ! ನಮ್ಮ ವಿಧವೆ ಇವರೇ!"

ಗಂಡ ಬದುಕಿರುವವಳು ವಿಧವೆಯಾದಳು. ನಿಜವಾದ ವಿಧವೆಗೆ ಸಿಕ್ಕಿದ್ದು ಕಾಫಿ ತರುವವಳ ಪಾತ್ರ. ಮಾತಿಲ್ಲ. ತಟ್ಟೆ ಇಡುವುದು, ಹೋಗುವುದು.

ಚಿತ್ರೀಕರಣ. ಉಮ್ಮ್ ರಗಬ್ ನೆಲದಲ್ಲಿ ಕೂತು ಗೋಳಾಡುತ್ತಿದ್ದಳು. ನಾನು ತಟ್ಟೆ ಹಿಡಿದು ಒಳಗೆ ಬಂದೆ. ಹೊರಗೆ ಮೆಟ್ಟಿಲಲ್ಲಿ, ದೀಪ ಹಿಡಿಯುವ ಯಾರೋ ಕೆಮ್ಮಿದರು.

ನಾನು ಬಾಗಿಲ ಕಡೆ ತಿರುಗಿದೆ. ಬಾಗಿಲು ತೆರೆಯುತ್ತದೆ ಎಂದು ಕಾದೆ. ತೆರೆಯಲಿಲ್ಲ.

ಆಗ ಒಡೆಯಿತು ನೋಡಿ ಟ್ಯಾಂಕು! ಲೋಟಗಳು ಗಡಗಡ ನಡುಗಿದವು. ಕಾಫಿಯೊಳಗೇ ಬಿತ್ತು ಕಣ್ಣೀರು.

"ಕಟ್! ಕಟ್!" ಉಸ್ತಾದರು ತಲೆ ಚಚ್ಚಿಕೊಂಡರು. "ತಾಯಿ, ಕಾಫಿ ತರೋರು ಅಳಬಾರದು!"

ನೆಲದಲ್ಲಿ ಕೂತಿದ್ದ ಉಮ್ಮ್ ರಗಬ್ ಅಳು ನಿಲ್ಲಿಸಿ ನನ್ನನ್ನು ದುರುಗುಟ್ಟಿ ನೋಡಿದಳು.

"ಸತ್ತಿರೋದು ನನ್ನ ಗಂಡ ಕಣೇ! ನೀನ್ಯಾಕೆ ಅಳ್ತೀಯ?"