ಒಂದು ಸಂಜೆ, ಮೂರು ಮೊದಲ ನಕ್ಷತ್ರ

ಡಿಸೆಂಬರ್ ಇಪ್ಪತ್ನಾಲ್ಕರ ಬೆಳಿಗ್ಗೆ ಎಲಿಸೊ ತನ್ನ ದಿನಚರಿಯಲ್ಲಿ ಬರೆದುಕೊಂಡಳು: 'ಒಂದೇ ಒಂದು ವಾಕ್ಯ ನನ್ನ ಬಾಯಿಂದ ಹೊರಗೆ ಬರುತ್ತಿಲ್ಲ. ಇವತ್ತು ಸಂಜೆಯೊಳಗೆ ಬರದಿದ್ದರೆ ನಾನು ಊಟ ಮಾಡಿಯೇ ಸಾಯುತ್ತೇನೆ.'

ವಾಕ್ಯವೇನೂ ಉದ್ದದ್ದಲ್ಲ. 'ನಮ್ಮ ಕ್ರಿಸ್‌ಮಸ್ ಇವತ್ತಲ್ಲ, ಜನವರಿ ಏಳಕ್ಕೆ.' ಅಷ್ಟೇ. ಹಬ್ಬಗಳನ್ನು ಹಳೆಯ ಪಂಚಾಂಗದಂತೆ ಆಚರಿಸುವ ಜಾರ್ಜಿಯಾದ ಕುತೈಸಿಯಿಂದ ಒಂದು ವರ್ಷದ ಮಟ್ಟಿಗೆ ವಿನಿಮಯ ವಿದ್ಯಾರ್ಥಿನಿಯಾಗಿ ಪೋಲೆಂಡಿನ ಲುಬ್ಲಿನ್‌ಗೆ ಬಂದಿದ್ದ ಅವಳು ಆ ವಾಕ್ಯವನ್ನು ಪೋಲಿಷ್ ಭಾಷೆಯಲ್ಲಿ ಬರೆದಿಟ್ಟುಕೊಂಡು ಆರು ದಿನ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದಳು. ಕನ್ನಡಿಗೆ ಚೆನ್ನಾಗಿಯೇ ಹೇಳುತ್ತಿದ್ದಳು. ಮನುಷ್ಯರು ಎದುರಿಗೆ ಬಂದರೆ ಮಾತ್ರ ವಾಕ್ಯ ಬಸವನಹುಳುವಿನ ಹಾಗೆ ಚಿಪ್ಪಿನೊಳಗೆ ಸೇರಿಕೊಳ್ಳುತ್ತಿತ್ತು. ತಲೆ ತನ್ನಷ್ಟಕ್ಕೆ ತಾನು ಆಗಲಿ ಎಂದು ಆಡಿಬಿಡುತ್ತಿತ್ತು.

ಈ ತಿಂಗಳಲ್ಲಿ ಹಾಗೆ ಆಡಿದ್ದು ಮೂರು ಸಲ.

ಮೊದಲ ಸಲ ಆಡಿದ್ದು ನಾಲ್ಕನೇ ಮಹಡಿಯಲ್ಲಿ, ಅವಳಿಗೆ ಕೋಣೆ ಬಾಡಿಗೆಗೆ ಕೊಟ್ಟಿದ್ದ ಪಾನಿ, ಅಂದರೆ ಶ್ರೀಮತಿ, ಬೊಗುಮಿಲಾ ಎದುರು. ಅವರು ಕರೆಯಲೂ ಇಲ್ಲ. ಕ್ರಿಸ್‌ಮಸ್ ಹಿಂದಿನ ರಾತ್ರಿಯ ವಿಗಿಲಿಯಾ ಊಟಕ್ಕೆ ನೀನು ನಮ್ಮಣ್ಣನ ಪಕ್ಕ ಕೂರ್ತೀಯ ಎಂದು ತಿಳಿಸಿದರು. ಎರಡನೆಯದು ಮೆಟ್ಟಿಲ ಮೇಲೆ. ಎರಡನೇ ಮಹಡಿಯ ಪಾನಿ ಲುತ್ಸಿನಾ, ಎಲಿಸೊಳ ಸಹಪಾಠಿ ಕಿಂಗಾಳ ತಾಯಿ, ಅವಳ ಎರಡೂ ಕೈ ಹಿಡಿದು, ಹಬ್ಬದ ಸಂಜೆ ಪರದೇಶದ ಹುಡುಗಿ ಒಬ್ಬಳೇ ಕೂರುವುದು ತಾನಿರುವಾಗ ಆಗದ ಮಾತು ಎಂದರು. ಕೈಗಳೆರಡೂ ಸಿಕ್ಕಿಬಿದ್ದಿದ್ದರಿಂದ ತಲೆಯೊಂದೇ ಆಡಲು ಉಳಿದಿತ್ತು.

ಮೂರನೆಯದು ನೆಲಮಹಡಿಯ ಪಾನಿ ಯಾದ್ವಿಗಾ. ನಿವೃತ್ತ ಭೂಗೋಳದ ಟೀಚರು. ಗಂಡ ತೀರಿಕೊಂಡ ಮೇಲೂ ಪ್ರತಿ ವರ್ಷ ವಿಗಿಲಿಯಾದ ಹನ್ನೆರಡು ಬಗೆ ಅಡುಗೆ ಮಾಡಿ ಒಬ್ಬರೇ ಉಣ್ಣುತ್ತಿದ್ದವರು. ಅವರು ಎಲಿಸೊಳ ಮುಖ ನೋಡದೆ ತಮ್ಮ ಟಪಾಲು ಪೆಟ್ಟಿಗೆಯ ಒಳಗೆ ನೋಡುತ್ತಾ, "ಬರೋದಾದ್ರೆ ಬಾ. ಬರ್ದೇ ಇದ್ರೂ ನಾನಂತೂ ಅಡುಗೆ ಮಾಡೇ ಮಾಡ್ತೀನಿ" ಎಂದಿದ್ದರು. ಪೆಟ್ಟಿಗೆ ಖಾಲಿಯಿತ್ತು. ಈ ಒಂದು ಸಲ ಮಾತ್ರ ಎಲಿಸೊ ಬೇಕೆಂದೇ ತಲೆಯಾಡಿಸಿದಳು.

ಕಷ್ಟವೆಂದರೆ, ನಾಲ್ಕನೇ ಮಹಡಿಗೂ ನೆಲಮಹಡಿಗೂ ಆರು ವರ್ಷದಿಂದ ಮಾತಿರಲಿಲ್ಲ. ಆಕಾಶದಲ್ಲಿ ಮೊದಲ ನಕ್ಷತ್ರ ಕಂಡ ಮೇಲೆಯೇ ವಿಗಿಲಿಯಾ ಊಟ; ಅಲ್ಲಿಯವರೆಗೆ ಉಪವಾಸ. ಆರು ವರ್ಷದ ಹಿಂದೆ ಬೊಗುಮಿಲಾರ ಅಣ್ಣ ಪಾನ್ ಜೆನೊನ್ ಕಿಟಕಿಯಿಂದ ನಕ್ಷತ್ರ ಕಂಡು ಕೂಗಿದಾಗ ಯಾದ್ವಿಗಾ ಅಂಗಳದಲ್ಲಿ ನಿಂತು, ಇಡೀ ಕಟ್ಟಡಕ್ಕೆ ಕೇಳುವಂತೆ, ಅದು ನಕ್ಷತ್ರವಲ್ಲ, ವಾರ್ಸಾಗೆ ಹೋಗುವ ವಿಮಾನ ಎಂದುಬಿಟ್ಟಿದ್ದರು. ಹಬ್ಬದ ಊಟವನ್ನೇ ಸುಳ್ಳು ಮಾಡಿದವಳ ಜೊತೆ ಬೊಗುಮಿಲಾಗೆ ಇನ್ನೆಂಥ ಮಾತು? ಕೆಳಗಿನ ಮನೆಯಲ್ಲಿ ಚಹಾ ಕುಡಿದು ಬಂದನೆಂಬ ಒಂದೇ ತಪ್ಪಿಗೆ ಗ್ಯಾಸ್ ಮೀಟರು ನೋಡುವವನನ್ನು ಅವರು ಬಾಗಿಲಲ್ಲೇ ನಿಲ್ಲಿಸಿ, ಅಂಕಿಗಳನ್ನು ಒಳಗಿನಿಂದ ಕೂಗಿ ಹೇಳಿದ್ದರು. ಎಲಿಸೊ ಈ ಮನೆಯಲ್ಲಿ ಜೂನ್‌ವರೆಗೆ ಇರಬೇಕಿತ್ತು. ಚಹಾಕ್ಕೇ ಹೊಸ್ತಿಲು ದಾಟಿಸದವರು ಹನ್ನೆರಡು ಬಗೆಯ ಊಟಕ್ಕೆ ಕೋಣೆಯಲ್ಲಿ ಇರಗೊಡುತ್ತಾರೆಯೇ?

ದಿನಚರಿಯಲ್ಲಿ ಅವಳು ಒಂದು ವೇಳಾಪಟ್ಟಿ ಬರೆದಳು. ದೇವರ ದಯೆಯಿಂದ ಮೂರು ಮನೆಗೂ ಮೊದಲ ನಕ್ಷತ್ರ ಬೇರೆ ಬೇರೆ ಹೊತ್ತಿಗೆ ಹುಟ್ಟುತ್ತಿತ್ತು. ಹಸಿವು ತಡೆಯದ ಜೆನೊನ್‌ಗೆ ಮೂರೂವರೆಗೆ. ಎಲ್ಲರಂತೆ ಬದುಕುವ ಲುತ್ಸಿನಾಗೆ ನಾಲ್ಕೂಕಾಲಿಗೆ. ಆಕಾಶ ಪೂರ್ತಿ ಕಪ್ಪಾಗದೆ ಏನನ್ನೂ ಒಪ್ಪದ ಯಾದ್ವಿಗಾಗೆ ಐದಕ್ಕೆ. ಹೊತ್ತಿನ ಎದುರಿಗೆ ಮನೆಯ ಸಂಖ್ಯೆ: ಹನ್ನೆರಡು, ಆರು, ಒಂದು. ಒಂದೊಂದು ಬಗೆಗೆ ಒಂದೊಂದೇ ಚಮಚ. ಮೂವತ್ತಾರು ಚಮಚ ಮನುಷ್ಯರು ತಿನ್ನಬಹುದಾದದ್ದೇ.

ಮೂರೂ ಇಪ್ಪತ್ತಕ್ಕೇ ಜೆನೊನ್ ಅಡುಗೆಮನೆಯ ಕಿಟಕಿಯಲ್ಲಿ, ಕೊರಳಿಗೆ ದುರ್ಬೀನು ನೇತುಹಾಕಿಕೊಂಡು, "ಬಂತು" ಎಂದರು.

"ಎಲ್ಲಿ?" ಎಂದರು ಬೊಗುಮಿಲಾ.

"ಆ ಚಿಮಣಿ ಮೇಲೆ."

ಚಿಮಣಿಯ ಮೇಲೆ ಕೆಂಪಗೆ ಏನೋ ಆರಿ ಆರಿ ಹೊತ್ತುತ್ತಿತ್ತು. ನಕ್ಷತ್ರಗಳು ಹಾಗೆ ಲೆಕ್ಕ ಹಾಕಿಕೊಂಡು ಆರಿ ಹೊತ್ತುತ್ತವೆಯೇ ಎಂದು ಎಲಿಸೊಗೆ ಅನುಮಾನ ಬಂತು. ಆದರೆ ಅನುಮಾನಗಳನ್ನು ಹೊರಗೆ ಬಿಡುವ ಸ್ವಭಾವ ಅವಳದಲ್ಲ.

ಕಾಗದದಷ್ಟು ತೆಳುವಾದ ಬಿಳಿ ಹಪ್ಪಳವನ್ನು ಒಬ್ಬರ ಕೈಯಿಂದ ಒಬ್ಬರು ಮುರಿದು ತಿಂದು ಹರಸಿಕೊಂಡರು. ಜೆನೊನ್ ಅವಳಿಗೆ ಒಳ್ಳೆಯ ಗಂಡ ಸಿಗಲಿ ಎಂದರು. ಅವಳು ಅವರಿಗೆ ಒಳ್ಳೆಯ ಕಣ್ಣು ಸಿಗಲಿ ಎಂದು ಮನಸ್ಸಿನಲ್ಲೇ ಹರಸಿದಳು. ಆಮೇಲೆ ಬೀಟ್‌ರೂಟ್ ಸಾರು, ಅದರಲ್ಲಿ ತೇಲುವ ಅಣಬೆ ಕಡುಬು, ಉಪ್ಪು ಮೀನು, ಬಟಾಣಿ ಹಾಕಿದ ಹುಳಿ ಕೋಸು, ಹುರಿದ ಗೆಂಡೆ ಮೀನು. ವೇಳಾಪಟ್ಟಿಯಲ್ಲಿ ಒಂದು ಲೋಪವಾಗಿತ್ತು. ಅದರಲ್ಲಿದ್ದದ್ದು ಚಮಚದ ಲೆಕ್ಕ. ಬೊಗುಮಿಲಾರ ಕೈಯಲ್ಲಿದ್ದದ್ದು ಸೌಟು.

"ಒಂದೊಂದು ಬಗೆ ಒಂದೊಂದು ತಿಂಗಳು," ಎಂದರು ಅವರು ಬಡಿಸುತ್ತಾ. "ಯಾವುದು ಬಿಡ್ತೀಯೋ ಆ ತಿಂಗಳು ಕೆಟ್ಟಿತು ಅಂತ ತಿಳ್ಕೊ."

ಗಸಗಸೆ ಪಾಯಸ ಮುಗಿದ ಮೇಲೆ, ಬೆರಳುಗುರಿನಷ್ಟು ದೊಡ್ಡದಾದ ಗೆಂಡೆ ಮೀನಿನ ಹುರುಪೆಯೊಂದನ್ನು ಅವಳ ಪರ್ಸಿನೊಳಗೆ ಹಾಕಿದರು. ವರ್ಷಪೂರ್ತಿ ಅದೃಷ್ಟಕ್ಕೆ. ಗಂಟೆ ನಾಲ್ಕೂ ಹತ್ತು. ಎಲಿಸೊ ಮೆಲ್ಲನೆ ಏಳಲು ನೋಡಿದಳು. ಜೆನೊನ್ ಅವಳ ತೋಳು ಹಿಡಿದು ಕೂರಿಸಿದರು. ವಿಗಿಲಿಯಾ ಮೇಜಿನಿಂದ ಮೊದಲು ಎದ್ದವರು ಮುಂದಿನ ವಿಗಿಲಿಯಾ ನೋಡುವುದಿಲ್ಲವಂತೆ. ಅವರ ಸೋದರಮಾವ ನೀರು ಕುಡಿಯಲು ಎದ್ದು ಹೋದವರು ಮಾರ್ಚಿಗೇ ಹೋಗಿಬಿಟ್ಟರಂತೆ.

"ಅಮ್ಮಂಗೆ ಫೋನ್ ಮಾಡ್ಬೇಕೇನೋ ಪಾಪ," ಎಂದರು ಬೊಗುಮಿಲಾ. ಎಲಿಸೊಳ ತಲೆ ಆಡಿತು. ಬೊಗುಮಿಲಾ ಒಂದು ಎರಡು ಮೂರು ಎಂದು ಎಣಿಸಿದರು. ಯಾರೂ ಮೊದಲಿಗರಾಗದ ಹಾಗೆ ಮೂವರೂ ಒಟ್ಟಿಗೆ ಎದ್ದರು. ಆ ಭರದಲ್ಲಿ ಎಲಿಸೊಳ ಮಡಿಲಿನಿಂದ ಏನೋ ಜಾರಿದ್ದು ಅವಳಿಗೆ ತಿಳಿಯಲಿಲ್ಲ.

"ಬೇಗ ಬಾ, ಹಾಡು ಹೇಳೋದಿದೆ," ಎಂದು ಬೊಗುಮಿಲಾ ಹಿಂದಿನಿಂದ ಕೂಗಿದರು.

ಲುತ್ಸಿನಾರ ಮನೆಯಲ್ಲಿ ಏಳು ಜನರಿದ್ದರು. ಏಳು ಜನರ ಜೊತೆ ಏಳು ಸಲ ಹಪ್ಪಳ ಮುರಿದು ತಿನ್ನುವಷ್ಟರಲ್ಲೇ ಎಲಿಸೊಗೆ ಇನ್ನೊಂದು ತಿಂಡಿ ತಿಂದಷ್ಟಾಯಿತು. ಕಿಂಗಾ ಅವಳ ಮುಖ ನೋಡಿ, "ಯಾಕೆ, ಹಬ್ಬದ ಅಡುಗೆಗೆ ತಂದು ಸ್ನಾನದ ತೊಟ್ಟಿಯಲ್ಲಿ ಬಿಟ್ಟ ಗೆಂಡೆ ಥರ ಬಾಯಿ ಬಿಡ್ತಿದೀಯ?" ಎಂದಳು. ಕಿಂಗಾಳ ಅಜ್ಜಿ ಮೇಜುಬಟ್ಟೆಯ ಅಡಿಯಲ್ಲಿ ಹಾಸಿದ್ದ ಒಣಹುಲ್ಲಿನಿಂದ ಒಂದೊಂದು ಕಡ್ಡಿ ಎಳೆದು, ಅವಳು ಒಂದೊಂದು ಬಗೆ ತಿಂದಂತೆ ಪಕ್ಕದಲ್ಲಿ ಸಾಲಾಗಿ ಇಡುತ್ತಾ ಹೋದರು. ಒಂಬತ್ತನೇ ಕಡ್ಡಿಗೆ ಎಲಿಸೊ ಚಮಚ ಕೆಳಗಿಟ್ಟಳು.

"ಸೆಪ್ಟೆಂಬರಿಗೆ ನಿಂತಳು," ಎಂದು ಅಜ್ಜಿ ಗಾಬರಿಯಾದರು.

ಲುತ್ಸಿನಾ ಧೃತಿಗೆಡುವವರಲ್ಲ. ಉಳಿದ ಮೂರು ಬಗೆಯನ್ನು ಡಬ್ಬಿಗೆ ತುಂಬಿ, ರಾತ್ರಿ ಹನ್ನೆರಡರೊಳಗೆ ತಿಂದರೆ ನಡೆಯುತ್ತದೆ ಎಂದರು. ಅವರೂ ಪರ್ಸಿಗೊಂದು ಹುರುಪೆ ಹಾಕಿದರು. ಎಂಟು ಜನ ಎಣಿಸಿ ಒಟ್ಟಿಗೆ ಎದ್ದರು. ಎಲಿಸೊ ಅಕ್ಟೋಬರ್, ನವೆಂಬರ್, ಡಿಸೆಂಬರನ್ನು ಕಂಕುಳಲ್ಲಿಟ್ಟುಕೊಂಡು ಬಾಗಿಲವರೆಗೆ ಬಂದಳು. ಬೂಟು ಹಾಕಿಕೊಳ್ಳಲು ಕೆಳಗಿಟ್ಟವಳು ಅಲ್ಲೇ ಬಿಟ್ಟು ಹೋದಳು.

ಯಾದ್ವಿಗಾರ ಮನೆಯಲ್ಲಿ ಇನ್ನೂ ದೀಪ ಹಚ್ಚಿರಲಿಲ್ಲ. ಅವರು ಕಿಟಕಿಯ ಬಳಿ ನಿಂತಿದ್ದರು. ಹೊರಗೆ ಒಂದು ಚುಕ್ಕಿ ಧಾರಾಳವಾಗಿ ಹೊಳೆಯುತ್ತಿತ್ತು. ಎಲಿಸೊ ಆಸೆಯಿಂದ ಅದರತ್ತ ಬೆರಳು ತೋರಿದಳು.

"ಅದು ಗುರು ಗ್ರಹ," ಎಂದರು ಯಾದ್ವಿಗಾ. "ಗ್ರಹ ನೋಡ್ಕೊಂಡು ಊಟ ಮಾಡೋರು ನಾಲ್ಕನೇ ಮಹಡೀಲಿದ್ದಾರೆ."

ಐದೂ ಹತ್ತಕ್ಕೆ ಅವರಿಗೆ ಒಪ್ಪಿಗೆಯಾದ ನಕ್ಷತ್ರ ಬಂತು. ಮೇಜಿನ ಮೇಲೆ ಮೂರು ತಟ್ಟೆಗಳಿದ್ದವು. ಮೂರನೆಯದು ಎಲ್ಲ ಮನೆಗಳಲ್ಲೂ ಇಡುವ ಖಾಲಿ ತಟ್ಟೆ, ಕರೆಯದೆ ಬರುವ ಅತಿಥಿಗೆ. "ನಲವತ್ತು ವರ್ಷದಿಂದ ಇಡ್ತಿದೀನಿ," ಎಂದರು ಯಾದ್ವಿಗಾ. "ಒಂದು ಬೆಕ್ಕೂ ಬಂದಿಲ್ಲ."

ಅವರ ಸಾರು ಉಳಿದೆರಡು ಮನೆಯ ಸಾರಿಗಿಂತ ರುಚಿಯಾಗಿತ್ತು. ಅದೇ ದುಃಖದ ವಿಷಯ. ಇನ್ನೊಂದು ಚಮಚಕ್ಕೆ ಒಳಗೆ ಜಾಗವಿರಲಿಲ್ಲ. ಎಲಿಸೊಳ ಕಣ್ಣಲ್ಲಿ ನೀರು ಬಂತು. ಯಾದ್ವಿಗಾ ಅದನ್ನು ನೋಡಿ, ಮನೆಯ ನೆನಪಾಯಿತೇ ಎಂದು ಕೇಳಿ, ಬೆನ್ನು ಸವರಿ, ಇನ್ನೆರಡು ಕಡುಬು ಹಾಕಿದರು. ಆಮೇಲೆ ಹುರುಪೆ ತಂದು ಪರ್ಸು ಕೊಡು ಎಂದರು. ಕೊಡುವುದಿಲ್ಲ ಎನ್ನುವುದು ಅವಳಿಗೆ ಯಾವ ಭಾಷೆಯಲ್ಲೂ ಬರುತ್ತಿರಲಿಲ್ಲ.

ಯಾದ್ವಿಗಾ ಪರ್ಸು ತೆರೆದು ನೋಡಿದರು. ಕನ್ನಡಕ ಹಾಕಿಕೊಂಡು ಮತ್ತೆ ನೋಡಿದರು. ಎರಡು ಹುರುಪೆಗಳನ್ನು ಹೊರತೆಗೆದು ದೀಪಕ್ಕೆ ಹಿಡಿದರು, ತಪ್ಪು ಬಿಡಿಸಿದ ನಕ್ಷೆಯನ್ನು ಹಿಡಿಯುವ ಹಾಗೆ.

"ಇದು ಲುತ್ಸಿನಾದು. ಅವಳು ತೊಳೆಯೋದೇ ಇಲ್ಲ," ಎಂದರು ನಿಧಾನವಾಗಿ. "ಇದು..."

ಕರೆಗಂಟೆ ಸದ್ದಾಯಿತು.

ಬಾಗಿಲಲ್ಲಿ ಬೊಗುಮಿಲಾ ನಿಂತಿದ್ದರು. ಹಿಂದೆ ದುರ್ಬೀನು ಸಮೇತ ಜೆನೊನ್. ಬೊಗುಮಿಲಾರ ಕೈಯಲ್ಲಿ ದಿನಚರಿ. ಅದರ ಜಾರ್ಜಿಯನ್ ಅಕ್ಷರಗಳು ಅವರ ಕಣ್ಣಿಗೆ ದ್ರಾಕ್ಷಿ ಬಳ್ಳಿಯ ಕುಡಿಗಳಂತೆ ಕಂಡಿದ್ದವು. ಆದರೆ ಮೂರು ಮನೆಯ ಸಂಖ್ಯೆ ಮತ್ತು ಮೂರು ಹೊತ್ತನ್ನು ಓದಲು ಯಾವ ಭಾಷೆ ಬೇಕು? ಆರು ವರ್ಷದಿಂದ ಕೂಡಿಟ್ಟ ಮಾತೆಲ್ಲ ಅವರ ನಾಲಿಗೆಯ ತುದಿಯಲ್ಲಿತ್ತು. ಯಾದ್ವಿಗಾರ ಬಳಿಯೂ ಅಷ್ಟೇ ಇತ್ತು. ಎಲಿಸೊ ಮನಸ್ಸಿನಲ್ಲೇ ತನ್ನ ಸೂಟ್‌ಕೇಸ್ ತುಂಬಲು ಶುರುಮಾಡಿದಳು.

ಆಗ ಎಲ್ಲರ ಕಣ್ಣೂ ಖಾಲಿ ತಟ್ಟೆಯ ಮೇಲೆ ಬಿತ್ತು.

ವಿಗಿಲಿಯಾ ಸಂಜೆ ಬಾಗಿಲು ತಟ್ಟಿದವರನ್ನು ಹಿಂದಕ್ಕೆ ಕಳಿಸುವಂತಿಲ್ಲ. ಕರೆದ ಮೇಲೆ ಕೂರದೆ ಹೋಗುವಂತೆಯೂ ಇಲ್ಲ. ಯಾದ್ವಿಗಾ ಹಲ್ಲು ಕೀಳಿಸಿಕೊಳ್ಳುವವರ ಮುಖ ಮಾಡಿಕೊಂಡು, "ಬನ್ನಿ, ಕೂತ್ಕೊಳ್ಳಿ" ಎಂದರು. ಬೊಗುಮಿಲಾ ಬಾಯಿ ತೆರೆದರು, ಮುಚ್ಚಿದರು, ಕೂತರು. ಜೆನೊನ್‌ಗೆ ಕಪಾಟಿನಿಂದ ಇನ್ನೊಂದು ತಟ್ಟೆ ಬಂತು. ಯಾದ್ವಿಗಾ ಸೌಟು ಎತ್ತಿಕೊಂಡರು.

ಯಾರಿಗೆ ಏನು ಬೇಕಾದರೂ ಅನ್ನಬಲ್ಲ ಬೊಗುಮಿಲಾ, ಹೊಟ್ಟೆ ಬಿರಿಯುತ್ತಿದ್ದರೂ ಬೇಡ ಎನ್ನಲಾರದೆ ಎರಡನೇ ಸಲದ ಹನ್ನೆರಡು ಬಗೆಗೆ ಕೈಹಾಕಿದ್ದನ್ನು ಎಲಿಸೊ ಬೆರಗಿನಿಂದ ನೋಡಿದಳು. ಈ ಕಾಯಿಲೆ ತನಗೊಬ್ಬಳಿಗೇ ಇರುವುದಲ್ಲವಲ್ಲ.

ಐದು ಬಗೆಗಳು ಒಂದರ ಹಿಂದೊಂದು ಮುಗಿದವು. ಆರನೆಯದಕ್ಕೆ ಯಾದ್ವಿಗಾ ತಟ್ಟೆಯನ್ನೇ ನೋಡುತ್ತಾ, "ಗೆಂಡೆಗೆ ಉಪ್ಪು ಸಾಲ್ದೇನೋ" ಎಂದರು.

"ಸರಿಯಾಗಿದೆ," ಎಂದರು ಬೊಗುಮಿಲಾ. ಆರು ವರ್ಷದಲ್ಲಿ ಅದು ಅವರ ಮೊದಲ ಮಾತು.

ಜೆನೊನ್ ಕೆಮ್ಮಿದರು. "ಅದು ವಿಮಾನವೇ ಇರ್ಬೋದು, ಪಾನಿ ಯಾದ್ವಿಗಾ. ನಂಗೆ ಹಸಿವಾಗಿತ್ತು."

"ನಂಗೂ ಹಸಿವಾಗಿತ್ತು," ಎಂದರು ಯಾದ್ವಿಗಾ. "ಇಲ್ದಿದ್ರೆ ಅಷ್ಟು ಗಟ್ಟಿಯಾಗಿ ಹೇಳ್ತಿರ್ಲಿಲ್ಲ."

ಅಷ್ಟರಲ್ಲಿ ಕರೆಗಂಟೆ ಮತ್ತೆ ಸದ್ದಾಯಿತು. ಲುತ್ಸಿನಾ, ಕೈಯಲ್ಲಿ ಡಬ್ಬಿ. ನಾಲ್ಕನೇ ಮಹಡಿಗೆ ಹೋಗಿ ಬಾಗಿಲು ತಟ್ಟಿ, ಯಾರೂ ಇಲ್ಲದೆ, ಮಾತು ಕೇಳಿದ ಕಡೆಗೆ ಇಳಿದುಬಂದಿದ್ದರು. ಅವರಿಗೂ ತಟ್ಟೆ ಬಂತು. ದಿನಚರಿಯ ಪುಟ, ಮೂರು ಹುರುಪೆ, ಡಬ್ಬಿ ಎಲ್ಲವೂ ಮೇಜಿನ ಮೇಲೆ ಸಾಲಾಗಿ ಕೂತವು. ಮೂವರು ಹೆಂಗಸರೂ ವಿಷಯ ಪೂರ್ತಿ ಜೋಡಿಸಿಕೊಂಡು ಎಲಿಸೊಳ ಕಡೆ ತಿರುಗಿದರು. ಅವಳು ತಲೆ ತಗ್ಗಿಸಿದಳು.

ಬೈಗುಳ ಬರಲಿಲ್ಲ. ಬಂದದ್ದು ಪಶ್ಚಾತ್ತಾಪ. ಮೂರು ಮನೆ ಸುತ್ತಿಸಿ ಈ ಮಗುವಿಗೆ ಒಂದು ಕಡೆಯೂ ನೆಟ್ಟಗೆ ಉಣ್ಣಿಸಲಿಲ್ಲವಲ್ಲ ಎಂದು ಲುತ್ಸಿನಾ ಕೊರಗಿದರು. ಅವಸರದಲ್ಲಿ ತಿಂದದ್ದು ಮೈಗೆ ಹತ್ತುತ್ತದೆಯೇ ಎಂದರು ಬೊಗುಮಿಲಾ. ಈ ಚಳಿಗಾಲದಲ್ಲಿ ಇನ್ನೊಂದು ವಿಗಿಲಿಯಾ ಬರುವ ಹಾಗಿದ್ದರೆ ಮೂವರೂ ಸೇರಿ, ಮೂರೂ ಮನೆಯಲ್ಲಿ, ಮೇಲಿನಿಂದ ಕೆಳಗಿನವರೆಗೆ ಸಾವಕಾಶವಾಗಿ ಬಡಿಸಬಹುದಿತ್ತು. ಹನ್ನೆರಡು ಯಾಕೆ, ಹದಿಮೂರು ಬಗೆ ಮಾಡಬಹುದಿತ್ತು. ತಾನಂತೂ ನಾಳೆಯೇ ಬಟಾಣಿ ನೆನೆಹಾಕುತ್ತಿದ್ದೆ ಎಂದರು ಯಾದ್ವಿಗಾ. ನಕ್ಷತ್ರ ನೋಡುವ ಕೆಲಸ ತನಗಿರಲಿ ಎಂದರು ಜೆನೊನ್. ಆದರೆ ಏನು ಮಾಡುವುದು, ಇನ್ನು ಒಂದು ವರ್ಷ ಕಾಯಬೇಕು. ಅಷ್ಟರಲ್ಲಿ ಹುಡುಗಿ ಊರಿಗೆ ಹೋಗಿರುತ್ತಾಳೆ.

ಕೋಣೆ ಉಳಿಯಿತು, ಹೊಟ್ಟೆಯೂ ಉಳಿಯಿತು ಎಂದು ಎಲಿಸೊ ಉಸಿರುಬಿಟ್ಟಳು.

ಆಗ ಯಾದ್ವಿಗಾ ಕನ್ನಡಕ ತೆಗೆದಿಟ್ಟು ಅವಳತ್ತ ಬಾಗಿದರು. ಈ ಸಲ ನೇರವಾಗಿ ಮುಖವನ್ನೇ ನೋಡಿದರು.

"ನಿಮ್ಮ ಕಡೆ ಕ್ರಿಸ್‌ಮಸ್ ಹೇಗಮ್ಮ? ಇಷ್ಟು ದಿನವಾಯ್ತು, ನಾವ್ಯಾರೂ ನಿನ್ನ ಒಂದು ಮಾತೂ ಕೇಳ್ಲಿಲ್ಲ ನೋಡು."

ನಾಲ್ಕು ಮುಖಗಳು ಸುಮ್ಮನೆ ಅವಳ ಉತ್ತರಕ್ಕೆ ಕಾದವು. ಇಷ್ಟು ಪ್ರೀತಿಯಿಂದ ತನ್ನ ಮಾತಿಗೆ ಯಾರಾದರೂ ಕಾದದ್ದು ಈ ಊರಿನಲ್ಲಿ ಇದೇ ಮೊದಲು. ಎಲಿಸೊಳ ಎದೆ ತುಂಬಿಬಂತು. ಆರು ದಿನ ಕನ್ನಡಿಗೆ ಹೇಳಿ ಹೇಳಿ ಸವೆದಿದ್ದ ವಾಕ್ಯ, ಒಂದು ಕಡೆಯೂ ತಡವರಿಸದೆ, ಗಟ್ಟಿಯಾಗಿ, ಸ್ಪಷ್ಟವಾಗಿ ಹೊರಗೆ ಬಂತು.

"ನಮ್ಮ ಕ್ರಿಸ್‌ಮಸ್ ಇವತ್ತಲ್ಲ. ಜನವರಿ ಏಳಕ್ಕೆ."